ಅಲುಗಾಡದಿದ್ದರೆ ಇಲ್ಲವೆಂದೇ? ರೆಸಾರ್ಟ್ ಕೋಣೆಯ ಎ.ಸಿ. ಕಣ್ಣಿನ ಕಥೆ

ಕಡಲತೀರದ ರೆಸಾರ್ಟಿನಲ್ಲಿ ಮೀನೂಟ ಮುಗಿಸಿ ಮಧ್ಯಾಹ್ನ ಮಲಗಿದವರಲ್ಲಿ ಕೆಲವರಿಗಾದರೂ ಈ ಅನುಭವ ಆಗಿರಬಹುದು. ಹೊದಿಕೆ ಎಳೆದುಕೊಂಡು ನಿದ್ದೆಗೆ ಜಾರಿದ ಮುಕ್ಕಾಲು ಗಂಟೆಗೆ ಮೈಯೆಲ್ಲ ಬೆವತು ಎಚ್ಚರವಾಗುತ್ತದೆ. ಕರೆಂಟು ಹೋಗಿಲ್ಲ, ಆದರೂ ಎ.ಸಿ. ತಣ್ಣಗಿನ ಗಾಳಿ ಬಿಡುತ್ತಿಲ್ಲ. ಎದ್ದು ನಾಲ್ಕು ಹೆಜ್ಜೆ ಹಾಕಿದರೆ ತಾನಾಗಿಯೇ ಮತ್ತೆ ಶುರುವಾಗುತ್ತದೆ. ಗೋಡೆಯ ಮೇಲಿನ ಬಿಳಿ ಪೆಟ್ಟಿಗೆಯೊಂದು ಇಷ್ಟು ಹೊತ್ತು ಕೋಣೆಯಲ್ಲಿ ಯಾರೂ ಇಲ್ಲವೆಂದೇ ತಿಳಿದಿತ್ತು.

ಅದು ಕೆಟ್ಟಿರಲಿಲ್ಲ. ಅದಕ್ಕೆ ಗೊತ್ತಾಗುವುದು ಅಲುಗಾಟ ಮಾತ್ರ; ನಾವು ಅದರಿಂದ ತಿಳಿಯಬಯಸುವುದು ಇರವು. ಇವೆರಡರ ನಡುವಿನ ಅಂತರವನ್ನು ತುಂಬಲು ನಡೆದ ಪ್ರಯತ್ನಗಳೇ ಅತಿಥಿಕೋಣೆಯ ಥರ್ಮೋಸ್ಟಾಟಿನ ಇತ್ತೀಚಿನ ಇತಿಹಾಸ.

ಮೊದಲ ಪ್ರಶ್ನೆ: ಎಷ್ಟು ಬಿಸಿ?

ಉಷ್ಣತೆಯನ್ನು ತಾನಾಗಿ ಹಿಡಿದಿಡುವ ಸಾಧನ ಹಳೆಯದು. 17ನೇ ಶತಮಾನದ ಆರಂಭದಲ್ಲಿ ಡಚ್ ಸಂಶೋಧಕ ಕಾರ್ನೆಲಿಯಸ್ ಡ್ರೆಬೆಲ್, ಪಾದರಸದ ಏರಿಳಿತದಿಂದ ಗಾಳಿಕಿಂಡಿಯನ್ನು ತೆರೆದು ಮುಚ್ಚುವ ಒಲೆಯನ್ನು ಮಾಡಿದ್ದ. ಅದರಲ್ಲಿ ಮೊಟ್ಟೆಗೆ ಕಾವು ಕೊಡಬಹುದಿತ್ತು. ಥರ್ಮೋಸ್ಟಾಟ್ ಎಂಬ ಹೆಸರು ಬಂದದ್ದು 1830ರ ಸುಮಾರಿಗೆ, ಸ್ಕಾಟ್ಲೆಂಡಿನ ರಸಾಯನವಿಜ್ಞಾನಿ ಆಂಡ್ರ್ಯೂ ಯೂರ್ ಅವರಿಂದ. ಬಿಸಿಗೆ ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹದ ಪಟ್ಟಿಗಳನ್ನು ಬೆಸೆದರೆ ಜೋಡಿಪಟ್ಟಿ ಬಾಗುತ್ತದೆ; ಆ ಬಾಗುವಿಕೆಯೇ ಗುಂಡಿ ಒತ್ತುವ ಬೆರಳಾಯಿತು.

ಕೋಣೆಗೆ ಇದನ್ನು ತಂದವರು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್‌ನಲ್ಲಿ ಪಾಠ ಹೇಳುತ್ತಿದ್ದ ವಾರೆನ್ ಜಾನ್ಸನ್. ತರಗತಿಯ ಚಳಿ, ಸೆಕೆ ನೋಡಲು ಜವಾನ ಪದೇಪದೇ ಒಳಗೆ ಬಂದು ಪಾಠ ಕೆಡಿಸುತ್ತಿದ್ದ. ಜಾನ್ಸನ್ ಗೋಡೆಗೊಂದು ವಿದ್ಯುತ್ ಥರ್ಮೋಸ್ಟಾಟ್ ಹಾಕಿ, ನೆಲಮಾಳಿಗೆಯಲ್ಲಿ ಗಂಟೆ ಬಾರಿಸುವಂತೆ ಮಾಡಿದರು. 1883ರಲ್ಲಿ ಪೇಟೆಂಟ್ ಸಿಕ್ಕಿತು, 1885ರಲ್ಲಿ ಮಿಲ್ವಾಕಿಯಲ್ಲಿ ಕಂಪನಿಯೂ ಹುಟ್ಟಿತು. ಇಂದಿನ ಜಾನ್ಸನ್ ಕಂಟ್ರೋಲ್ಸ್‌ನ ಮೂಲ ಅದೇ. 1953ರಲ್ಲಿ ಬಂದ ಹನಿವೆಲ್ ಕಂಪನಿಯ ದುಂಡನೆಯ ಥರ್ಮೋಸ್ಟಾಟ್ ಅಮೆರಿಕದ ಮನೆಮನೆಯ ಗೋಡೆ ಸೇರಿತು. ಇಷ್ಟೆಲ್ಲ ಆದರೂ ಈ ಯಂತ್ರಗಳು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಎಷ್ಟು ಬಿಸಿ? ಯಾರಿಗಾಗಿ ಎಂದು ಕೇಳುವ ಅಗತ್ಯ ಬಿದ್ದಿರಲಿಲ್ಲ. ಮನೆಯಲ್ಲಿ ಬಿಲ್ಲು ಕಟ್ಟುವವನೇ ಗುಂಡಿಯನ್ನೂ ತಿರುಗಿಸುತ್ತಾನೆ.

ವಸತಿಗೃಹದಲ್ಲಿ ಹಾಗಲ್ಲ. ಗುಂಡಿ ಅತಿಥಿಯ ಕೈಯಲ್ಲಿ, ಬಿಲ್ಲು ಮಾಲೀಕನ ಮೇಜಿನ ಮೇಲೆ. ಒಂದು ಕಾಟೇಜಿನ ಎ.ಸಿ. ಗಂಟೆಗೆ ಸರಾಸರಿ ಒಂದು ಯೂನಿಟ್ ಎಳೆಯುತ್ತದೆ, ಅತಿಥಿಗಳು ದಿನಕ್ಕೆ 6 ಗಂಟೆ ಹೊರಗಿರುತ್ತಾರೆ ಎಂದಿಟ್ಟುಕೊಳ್ಳಿ. 40 ಕಾಟೇಜುಗಳ ರೆಸಾರ್ಟಿನಲ್ಲಿ ಖಾಲಿ ಮಂಚಗಳನ್ನು ತಂಪಾಗಿಡಲು ದಿನಕ್ಕೆ 240 ಯೂನಿಟ್, ತಿಂಗಳಿಗೆ 7,200 ಯೂನಿಟ್ ಹೋಗುತ್ತದೆ. ಡೀಸೆಲ್ ಜನರೇಟರನ್ನೇ ನೆಚ್ಚಿಕೊಂಡ ಮಾಲ್ಡೀವ್ಸ್‌ನಂಥ ದ್ವೀಪದ ರೆಸಾರ್ಟಿಗೆ ಈ ಪೋಲು ಇನ್ನೂ ತುಟ್ಟಿ.

ಬೀಗದ ಕೈ ಕೊಟ್ಟ ಸುಳಿವು

ಯಾರಿದ್ದಾರೆ, ಯಾರಿಲ್ಲ ಎಂಬುದನ್ನು ಹಿಂದೆ ರಿಸೆಪ್ಷನ್ನಿನ ಹಲಗೆಯೇ ಹೇಳುತ್ತಿತ್ತು. ಬೀಗದ ಕೈಗೆ ಹಿತ್ತಾಳೆಯದೋ ಮರದ್ದೋ ಭಾರದ ಬಿಲ್ಲೆ ಕಟ್ಟಿರುತ್ತಿತ್ತು. ಜೇಬಿಗೆ ಹೊರೆಯಾಗುವ ಅದನ್ನು ಹೊರಹೋಗುವಾಗ ಕೊಟ್ಟುಹೋಗುವುದೇ ರೂಢಿ. ಕೈ ಮೊಳೆಯಲ್ಲಿ ನೇತಾಡುತ್ತಿದ್ದರೆ ಕೋಣೆ ಖಾಲಿ. ನಾರ್ವೆಯ ಟೋರ್ ಸೋರ್ನೆಸ್ 1970ರ ದಶಕದಲ್ಲಿ ರೂಪಿಸಿದ, ಹೊಸ ಅತಿಥಿಗೆ ಹೊಸ ಸಂಕೇತ ಕೊಡಬಲ್ಲ ತೂತುಗಳ ಪ್ಲಾಸ್ಟಿಕ್ ಕಾರ್ಡಿನ ಬೀಗ ಈ ರೂಢಿಯನ್ನು ಮುರಿಯಿತು. 1978ರಲ್ಲಿ ಅಟ್ಲಾಂಟಾದ ಪೀಚ್‌ಟ್ರೀ ಪ್ಲಾಜಾ ಹೋಟೆಲಿಗೆ ಅದು ಬಂತು. ಹಗುರವಾದ ಕಾರ್ಡು ಅತಿಥಿಯ ಜೇಬಿನಲ್ಲೇ ಉಳಿಯಿತು, ಹಲಗೆಯ ಸುಳಿವು ಮಾಯವಾಯಿತು.

ಕಳೆದುಕೊಂಡ ಸುಳಿವನ್ನು ಅದೇ ಕಾರ್ಡಿನಿಂದ ಮರಳಿ ಪಡೆಯುವ ಉಪಾಯವೇ ಬಾಗಿಲ ಪಕ್ಕದ ಕಾರ್ಡು ಗೂಡು. ಕಾರ್ಡು ಸಿಕ್ಕಿಸಿದರೆ ಕರೆಂಟು, ತೆಗೆದರೆ ಕತ್ತಲು. ಭಾರತದ ಹೋಟೆಲುಗಳಲ್ಲಿ ಇದು ಇಂದಿಗೂ ಸಾಮಾನ್ಯ. ಬೆಲೆ ಅಗ್ಗ, ಕೆಟ್ಟರೆ ಊರಿನ ಎಲೆಕ್ಟ್ರಿಷಿಯನ್ನೇ ಸರಿಮಾಡುತ್ತಾನೆ. ಅತಿಥಿ ಮಾತ್ರ ಇನ್ನೂ ಚತುರ. ಗೂಡಿನೊಳಗೆ ವಿಸಿಟಿಂಗ್ ಕಾರ್ಡು ತುರುಕಿದರೂ ಎ.ಸಿ. ಓಡುತ್ತದೆ ಎಂಬುದು ಬಹುಬೇಗ ಎಲ್ಲರಿಗೂ ತಿಳಿಯಿತು. ಕಾರ್ಡಿನ ಸಂಕೇತವನ್ನೇ ಓದುವ ಗೂಡುಗಳು ಬಂದವು; "ಇಬ್ಬರಿದ್ದೇವೆ, ಎರಡು ಕಾರ್ಡು ಕೊಡಿ" ಎಂಬ ಸಾಧು ಕೋರಿಕೆ ಅವನ್ನೂ ಸೋಲಿಸಿತು.

ಕಳ್ಳನಿಗಾಗಿ ಮಾಡಿದ ಕಣ್ಣು

ಅತಿಥಿಯ ಸಹಕಾರವಿಲ್ಲದೆ ಅವನ ಇರವನ್ನು ತಿಳಿಯಬೇಕೆಂದಾಗ ಕೈಗೆ ಸಿಕ್ಕಿದ್ದು ಕಳ್ಳಗಾವಲಿನ ಪಿ.ಐ.ಆರ್. ಸೆನ್ಸರ್. ನಮ್ಮ ಚರ್ಮದ ಉಷ್ಣತೆ ಸುಮಾರು 33ರಿಂದ 34 ಡಿಗ್ರಿ. ಅಷ್ಟು ಬಿಸಿಯ ವಸ್ತು ಹೊರಸೂಸುವ ಅವಗೆಂಪು ಕಿರಣಗಳಲ್ಲಿ 9ರಿಂದ 10 ಮೈಕ್ರಾನಿನವು ಹೆಚ್ಚು. ಈ ಕಿರಣ ತಾಗಿ ಬಿಸಿ ಬದಲಾದರೆ ಕೆಲವು ಹರಳು ಮತ್ತು ಸೆರಾಮಿಕ್‌ಗಳಲ್ಲಿ ಕಿರು ವಿದ್ಯುದಂಶ ಮೂಡುತ್ತದೆ. ಸೆನ್ಸರಿನೊಳಗೆ ಅಂಥ ಎರಡು ತುಣುಕುಗಳು ಅಕ್ಕಪಕ್ಕ ಇರುತ್ತವೆ. ಇಡೀ ಕೋಣೆ ಒಟ್ಟಿಗೆ ಬಿಸಿಯಾದರೆ ಎರಡರ ಸಂಕೇತವೂ ಒಂದನ್ನೊಂದು ಕಳೆದುಹಾಕುತ್ತವೆ. ಬಿಸಿ ಮೈಯೊಂದು ಒಂದರಿಂದ ಇನ್ನೊಂದರ ನೋಟಕ್ಕೆ ದಾಟಿದಾಗ ಮಾತ್ರ ಸಂಕೇತ ಏಳುತ್ತದೆ.

ಮುಂದಿರುವ ಹಾಲುಬಣ್ಣದ ಪ್ಲಾಸ್ಟಿಕ್ ಮುಚ್ಚಳ ನಿಜಕ್ಕೂ ಒಂದು ಮಸೂರ. ದೀಪಸ್ತಂಭಗಳಿಗಾಗಿ ಫ್ರಾನ್ಸಿನ ಫ್ರೆನೆಲ್ ರೂಪಿಸಿ, 1823ರಲ್ಲಿ ಕೋರ್ದುವಾನ್ ದೀಪಸ್ತಂಭದಲ್ಲಿ ಬೆಳಗಿಸಿದ ಪದರುಪದರಾದ ಮಸೂರದ ತತ್ವವೇ ಇಲ್ಲಿಯೂ ಇದೆ. ದೀಪಸ್ತಂಭದಲ್ಲಿ ಬೆಳಕನ್ನು ಹೊರಗೆ ಎಸೆದದ್ದು ಇಲ್ಲಿ ಶಾಖವನ್ನು ಒಳಗೆ ಬರಮಾಡಿಕೊಳ್ಳುತ್ತದೆ. ಕೋಣೆಯನ್ನು ಬೀಸಣಿಗೆಯ ಕಡ್ಡಿಗಳಂತೆ ಹಲವು ಪಟ್ಟಿಗಳಾಗಿ ಸೀಳಿ ನೋಡುತ್ತದೆ. ಇದರಲ್ಲಿ ಚಿತ್ರ ಮೂಡುವುದಿಲ್ಲ. ಗೋಡೆಯ ಮೇಲೆ ಕೆಂಪುದೀಪ ಮಿಣುಕಿದಾಗ ಕ್ಯಾಮೆರಾ ಎಂದು ಗಾಬರಿಯಾಗುವವರು ಇದನ್ನು ತಿಳಿದಿದ್ದರೆ ಸಾಕು.

ಕಳ್ಳ ನಡೆದಾಡುತ್ತಾನೆ, ಆದ್ದರಿಂದ ಅವನನ್ನು ಹಿಡಿಯಲು ಈ ಕಣ್ಣು ಸಾಕಾಗಿತ್ತು. ಅತಿಥಿ ಬಂದದ್ದು ಮಲಗುವುದಕ್ಕೆ. ಹೊದಿಕೆಯೊಳಗೆ ನಿಶ್ಚಲನಾಗಿ ಮಲಗಿದವನು ಇದಕ್ಕೆ ಕಾಣುವುದಿಲ್ಲ. ಅವಗೆಂಪಿನ ಈ ಪಟ್ಟಿಗೆ ಗಾಜು ಗೋಡೆಯಂತೆಯೇ. ಸ್ನಾನದ ಮನೆಯ ಗಾಜಿನ ಬಾಗಿಲ ಹಿಂದಿರುವವರೂ ಕಾಣುವುದಿಲ್ಲ. ಎಲ್ಲಕ್ಕಿಂತ ವಿಚಿತ್ರ ಇನ್ನೊಂದು. ಕಣ್ಣಿಗೆ ಬೇಕಾದದ್ದು ಮೈಗೂ ಗೋಡೆಗೂ ನಡುವಿನ ಬಿಸಿಯ ವ್ಯತ್ಯಾಸ. ಎ.ಸಿ. ನಿಂತು ಕೋಣೆ 33 ಡಿಗ್ರಿಗೆ ಏರಿದರೆ ಆ ವ್ಯತ್ಯಾಸವೇ ಕರಗುತ್ತದೆ. ತಂಪು ಅತಿ ಹೆಚ್ಚು ಬೇಕಾದ ಹೊತ್ತಿಗೇ ಕಣ್ಣು ಮಂಜಾಗುತ್ತದೆ.

ಬಾಗಿಲನ್ನು ಸಾಕ್ಷಿ ಕರೆದದ್ದು

ಇದಕ್ಕೆ ಸಿಕ್ಕ ಜಾಣ ಉತ್ತರ ಬಾಗಿಲ ಚೌಕಟ್ಟಿನಲ್ಲಿತ್ತು. ಬಾಗಿಲಿಗೆ ಅಯಸ್ಕಾಂತ, ಚೌಕಟ್ಟಿಗೆ ಅದರಿಂದ ಕೂಡಿಕೊಳ್ಳುವ ಪುಟ್ಟ ಸ್ವಿಚ್ಚು. ತರ್ಕ ಸರಳ: ಬಾಗಿಲು ಮುಚ್ಚಿದ ಮೇಲೆ ಒಮ್ಮೆ ಅಲುಗಾಟ ಕಂಡರೆ ಒಳಗೆ ಜನರಿದ್ದಾರೆ, ಮತ್ತೆ ಬಾಗಿಲು ತೆರೆಯುವವರೆಗೂ ಅವರು ಅಲ್ಲೇ ಇದ್ದಾರೆ, ಅಲುಗಲಿ ಬಿಡಲಿ. ಬಾಗಿಲು ತೆರೆದು ಮುಚ್ಚಿದ ಮೇಲೆ ಇಪ್ಪತ್ತು, ಮೂವತ್ತು ನಿಮಿಷ ಏನೂ ಕಾಣದಿದ್ದರೆ ಕೋಣೆ ಖಾಲಿ. ಬರಿಯ ಕಣ್ಣಿಗೆ ಇಲ್ಲದ ನೆನಪನ್ನು ಬಾಗಿಲು ಒದಗಿಸಿತು. ಈ ಕ್ಷೇತ್ರದಲ್ಲಿ ಆದ ಅತಿ ದೊಡ್ಡ ಸುಧಾರಣೆ ಇದೇ ಎಂಬುದು ನನ್ನ ಎಣಿಕೆ. ಬೆಲೆಯೂ ಅತಿ ಕಡಿಮೆ.

ಹಾಗಿದ್ದರೂ ರೆಸಾರ್ಟು ಇದಕ್ಕೆ ಕಠಿಣ ಪರೀಕ್ಷೆ. ನಗರದ ಹೋಟೆಲಿನ ಅತಿಥಿ ಬೆಳಿಗ್ಗೆ ಹೋದರೆ ಸಂಜೆಗೆ ಬರುತ್ತಾನೆ. ರೆಸಾರ್ಟಿನಲ್ಲಿ ಮಕ್ಕಳು ಈಜುಕೊಳಕ್ಕೂ ಕೋಣೆಗೂ ನಡುವೆ ಹತ್ತು ಸಲ ಓಡಾಡುತ್ತವೆ. ಅಜ್ಜಿ ಮಲಗಿರುವಾಗ ಉಳಿದವರು ಬಾಗಿಲೆಳೆದುಕೊಂಡು ಕಡಲಿಗೆ ಹೊರಡುತ್ತಾರೆ. ಬಾಗಿಲು ತೆರೆದು ಮುಚ್ಚಿತು, ಅಲುಗಾಟವಿಲ್ಲ, ಅಜ್ಜಿಯ ಎ.ಸಿ. ನಿಂತಿತು. ಬಾಲ್ಕನಿಯ ಬಾಗಿಲು ತೆರೆದಿಟ್ಟು ಅಲೆಯ ಸದ್ದು ಕೇಳುವವರಿಗೂ ಒಳಗೆ ತಂಪಿರಬೇಕು. ಆ ಪೋಲು ತಡೆಯಲೆಂದೇ ಬಾಲ್ಕನಿಗೂ ಸ್ವಿಚ್ಚು ಹಾಕಿ, ತೆರೆದ ಕೆಲವೇ ನಿಮಿಷಕ್ಕೆ ಎ.ಸಿ. ನಿಲ್ಲಿಸುವ ಏರ್ಪಾಡು ಬಂತು. ರಾತ್ರಿ ಹೊತ್ತು ಕಾಯುವ ಅವಧಿಯನ್ನು ಹೆಚ್ಚಿಸುವ ನಿಯಮವೂ ಸೇರಿತು.

ಕೋಣೆಯಿಂದ ಕಚೇರಿಗೆ ತಂತು

ಮುಂದಿನ ಹಂತ ಗೋಡೆಯ ಪೆಟ್ಟಿಗೆಯನ್ನು ರಿಸೆಪ್ಷನ್ನಿನ ಕಂಪ್ಯೂಟರಿಗೆ ಜೋಡಿಸಿದ್ದು. ಅಮೆರಿಕದಲ್ಲಿ 1986ರಲ್ಲಿ ಶುರುವಾದ ಇನ್‌ಕಾಮ್ ಕಂಪನಿ ಹೋಟೆಲ್ ಕೋಣೆಯ ನಿಯಂತ್ರಣವನ್ನೇ ಕಸುಬಾಗಿಸಿಕೊಂಡಿತು. 2012ರಲ್ಲಿ ಹನಿವೆಲ್ ಅದನ್ನು ಕೊಂಡಿತು. ಮಾರಾಟವಾಗದ ಕೋಣೆ, ಮಾರಾಟವಾಗಿ ಅತಿಥಿ ಹೊರಗಿರುವ ಕೋಣೆ, ಅತಿಥಿ ಒಳಗಿರುವ ಕೋಣೆ ಎಂಬ ಮೂರು ಸ್ಥಿತಿಗಳಿಗೆ ಮೂರು ಬೇರೆ ಉಷ್ಣತೆ ಇಡಲು ಸಾಧ್ಯವಾಯಿತು. ಚೆಕ್‌ಇನ್ ಆದೊಡನೆ, ಅತಿಥಿ ಸಾಮಾನಿನೊಂದಿಗೆ ಕಾಟೇಜು ತಲುಪುವಷ್ಟರಲ್ಲಿ ತಂಪಾಗಿಸುವುದೂ ಸುಲಭವಾಯಿತು.

2011ರಲ್ಲಿ ಬಂದ ನೆಸ್ಟ್ ಥರ್ಮೋಸ್ಟಾಟ್, ಮನೆಯವರ ದಿನಚರಿ ಕಲಿತು ತಾನೇ ಹೊಂದಿಕೊಳ್ಳುವ ಯಂತ್ರವೆಂದು ಹೆಸರಾಯಿತು. 2014ರಲ್ಲಿ ಗೂಗಲ್ ಅದರ ಕಂಪನಿಯನ್ನು 320 ಕೋಟಿ ಡಾಲರಿಗೆ ಕೊಂಡಿತು. ಆ ವಿದ್ಯೆ ರೆಸಾರ್ಟಿನಲ್ಲಿ ನಡೆಯದು: ಎರಡು ದಿನಕ್ಕೊಬ್ಬ ಅತಿಥಿ ಬದಲಾಗುವಲ್ಲಿ ಯಾರ ದಿನಚರಿ ಕಲಿಯುವುದು? ಅತಿಥಿ ಬದಲಾದರೂ ಕೋಣೆ ಬದಲಾಗುವುದಿಲ್ಲವಲ್ಲ! ಹೀಗಾಗಿ ಇಲ್ಲಿನ ಯಂತ್ರಗಳು ಕೋಣೆಯನ್ನು ಕಲಿತವು. ಪಡುವಣ ಬಿಸಿಲು ಬೀಳುವ ಕಾಟೇಜು ಮತ್ತೆ ತಂಪಾಗಲು ಎಷ್ಟು ನಿಮಿಷ ಬೇಕೆಂದು ಅಳೆದು, ಅತಿಥಿ ಮರಳಿದ ಇಂತಿಷ್ಟು ನಿಮಿಷದಲ್ಲಿ ತಣಿಸಲಾಗುವಷ್ಟೇ ಬಿಸಿಯೇರಲು ಬಿಡುತ್ತವೆ.

ಸರ್ಕಾರದ ನಿಯಮಗಳು ಹಿಂದೆಯೇ ಬಂದವು. ಕ್ಯಾಲಿಫೋರ್ನಿಯಾ 2014ರಿಂದ ಹೊಸ ಹೋಟೆಲ್ ಕೋಣೆಗಳಿಗೆ, ಅತಿಥಿ ಹೋದ 30 ನಿಮಿಷದೊಳಗೆ ಎ.ಸಿ. ಸಡಿಲಿಸುವ ವ್ಯವಸ್ಥೆಯನ್ನು ಕಡ್ಡಾಯ ಮಾಡಿತು. ಅಮೆರಿಕದ ಹವಾನಿಯಂತ್ರಣ ಎಂಜಿನಿಯರುಗಳ ಸಂಘವಾದ ಆಶ್ರೇಯ 2016ರ ಮಾನದಂಡ 50ಕ್ಕಿಂತ ಹೆಚ್ಚು ಕೋಣೆಗಳಿರುವ ಹೋಟೆಲಿಗೆ ಇದನ್ನೇ ಹೇಳಿತು. ಭಾರತದ 2017ರ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯಲ್ಲೂ ಹೋಟೆಲಿನ ಅತಿಥಿಕೋಣೆ ಸೇರಿದೆ. 2020ರ ಜನವರಿ 1ರಿಂದ ನಮ್ಮಲ್ಲಿ ಸ್ಟಾರ್ ಗುರುತಿನ ಕೋಣೆ ಎ.ಸಿ.ಗಳು 24 ಡಿಗ್ರಿಯಲ್ಲೇ ಶುರುವಾಗಬೇಕೆಂಬ ನಿಯಮವೂ ಇದೆ.

ಕರಾವಳಿಯ ತೇವ, ನಮ್ಮ ಸ್ಪ್ಲಿಟ್ ಎ.ಸಿ.

ಯಾರೂ ಇಲ್ಲದಾಗ ಪೂರ್ತಿ ಆರಿಸಿಬಿಟ್ಟರೆ ಆಯಿತಲ್ಲ ಎಂದು ಬಿಲ್ಲು ನೋಡುವವರಿಗೆ ಅನಿಸುವುದು ಸಹಜ. ಗೋಕರ್ಣ, ಮಲ್ಪೆ, ಗೋವಾದ ಗಾಳಿ ಅದಕ್ಕೆ ಒಪ್ಪುವುದಿಲ್ಲ. ಎ.ಸಿ. ತಂಪು ಮಾಡುವುದರ ಜೊತೆಗೆ ಗಾಳಿಯ ತೇವವನ್ನೂ ಹಿಂಡುತ್ತದೆ. ಮಳೆಗಾಲದಲ್ಲಿ ಮೂರು ದಿನ ಆರಿಸಿಟ್ಟ ಕೋಣೆಯಲ್ಲಿ ಹಾಸಿಗೆ ಮುಗ್ಗಲು ವಾಸನೆ ಹೊಡೆಯುತ್ತದೆ, ಬೀರುವಿನ ಹಿಂದೆ ಬೂಷ್ಟು ಹಿಡಿಯುತ್ತದೆ. ಬೂಷ್ಟು ಕೆರೆದು ಬಣ್ಣ ಹೊಡೆಸುವ ಖರ್ಚು ಉಳಿಸಿದ ಯೂನಿಟ್ಟುಗಳನ್ನು ನುಂಗಿಬಿಡಬಹುದು. ಇಂಥಲ್ಲಿ 27, 28 ಡಿಗ್ರಿಗೆ ಏರಿಸಿ ಬಿಡುವುದು, ತೇವ ಅಳೆಯುವ ಸೆನ್ಸರ್ ಸೇರಿಸುವುದು ಲೇಸು. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆಂದು ಕೇಂದ್ರದ ಇಂಧನ ದಕ್ಷತಾ ಬ್ಯೂರೊ ಹೇಳುತ್ತದೆ. 24ರಿಂದ 28ಕ್ಕೆ ಏರಿಸಿದರೂ ಹೆಚ್ಚುಕಡಿಮೆ ಕಾಲುಭಾಗ ಉಳಿಯಿತು.

ನಮ್ಮ ಇನ್ನೊಂದು ತೊಡಕು, ಸಣ್ಣ ರೆಸಾರ್ಟುಗಳಲ್ಲಿ ಗೋಡೆ ಥರ್ಮೋಸ್ಟಾಟೇ ಇಲ್ಲ. ಇರುವುದು ಸ್ಪ್ಲಿಟ್ ಎ.ಸಿ. ಮತ್ತು ಅದರ ರಿಮೋಟು. ಸೆನ್ಸರ್ ಹಾಕುವವರು ಕೆಲವೆಡೆ ಮೇನ್ ಸಪ್ಲೈಯನ್ನೇ ಕಡಿಯುತ್ತಾರೆ. ಹಾಗೆ ಕಡಿದು ಕೊಟ್ಟಾಗ ಕಂಪ್ರೆಸರ್ ಮತ್ತೆ ಏಳಲು ಕೆಲವು ನಿಮಿಷ ಕಾಯುತ್ತದೆ. ಕಾದು ಬಂದ ಅತಿಥಿ ಅಷ್ಟರಲ್ಲಿ ರೂಮ್‌ಬಾಯನ್ನು ಕರೆದಿರುತ್ತಾನೆ. ರಿಮೋಟಿನ ಸಂಕೇತವನ್ನೇ ಅನುಕರಿಸಿ ಉಷ್ಣತೆ ಏರಿಸುವ ಪೆಟ್ಟಿಗೆಗಳು ಇದಕ್ಕಿಂತ ಸೌಮ್ಯ.

ಉಸಿರನ್ನು ಕಾಣುವ ರೇಡಾರ್

ಈಗಿನ ನಿರೀಕ್ಷೆ 60 ಗಿಗಾಹರ್ಟ್ಸ್ ಸುಮಾರಿನ ಕಿರು ರೇಡಾರ್ ಮೇಲೆ. ಅದರ ಅಲೆಯ ಉದ್ದ 5 ಮಿಲಿಮೀಟರ್. ಹೊದಿಕೆಯನ್ನು ದಾಟಿ, ಉಸಿರಾಟಕ್ಕೆ ಎದೆ ಏರಿಳಿಯುವುದನ್ನೂ ಗುರುತಿಸಬಲ್ಲದು. 2021ರಲ್ಲಿ ಗೂಗಲ್ ತನ್ನ ನೆಸ್ಟ್ ಹಬ್‌ನಲ್ಲಿ ನಿದ್ದೆ ಅಳೆಯಲು ಇದನ್ನೇ ಬಳಸಿತು. ನಿಶ್ಚಲನಾಗಿ ಮಲಗಿದವನನ್ನು ಕಾಣುವ ಕಣ್ಣು ಕೊನೆಗೂ ಸಿಕ್ಕಿತು ಎನ್ನಬಹುದು. ಆದರೆ ಇದಕ್ಕೆ ಕಾಣುವುದು ಅತಿಯಾಯಿತು: ತಿರುಗುವ ಫ್ಯಾನು, ಅಲ್ಲಾಡುವ ಪರದೆ, ತೆಳು ಹಲಗೆಗೋಡೆಯಾಚೆಯ ನೆರೆಯವನು ಎಲ್ಲವೂ. ಮೊದಲಿನದು ಇದ್ದವರನ್ನು ಇಲ್ಲವೆಂದಿತು, ಇದು ಇಲ್ಲದವರನ್ನು ಇದ್ದಾರೆನ್ನುವ ಅಪಾಯವಿದೆ. ಉಸಿರಿನ ಲೆಕ್ಕ ಇಡಬಲ್ಲ ಯಂತ್ರ ಆ ಲೆಕ್ಕವನ್ನು ಯಾರಿಗೆ ಒಪ್ಪಿಸುತ್ತದೆ ಎಂದು ಅತಿಥಿ ಕೇಳಿದರೆ ತಪ್ಪಿಲ್ಲ.

ಅಮೆರಿಕದ ಹೋಟೆಲುಗಳಲ್ಲಿ ಅಲುಗಾಟ ನೋಡುವ ಥರ್ಮೋಸ್ಟಾಟಿನ ಸೆನ್ಸರನ್ನು ಮಲಗಿಸಿ, ಪೂರ್ತಿ ಹಿಡಿತ ಅತಿಥಿಗೆ ಕೊಡುವ 'ವಿ.ಐ.ಪಿ.' ಸ್ಥಿತಿಯ ಗುಂಡಿಗುಟ್ಟು ಪ್ರವಾಸಿಗರ ನಡುವೆ ಬಾಯಿಂದ ಬಾಯಿಗೆ ಹಬ್ಬಿದೆ. ಬೆವತು ಎದ್ದ ಅತಿಥಿಗಳು ಯಂತ್ರಕ್ಕೆ ಕೊಟ್ಟ ಅಂಕವಿದು. ಎರಡು ತಪ್ಪುಗಳ ತೂಕ ಒಂದೇ ಅಲ್ಲ. ಖಾಲಿ ಕೋಣೆಯನ್ನು ತುಂಬಿದೆಯೆಂದು ತಿಳಿದರೆ ಒಂದೆರಡು ಯೂನಿಟ್ ನಷ್ಟ. ಮಲಗಿದವರನ್ನು ಇಲ್ಲವೆಂದು ತಿಳಿದರೆ ಅತಿಥಿಯೇ ನಷ್ಟ. ಹೊಸದಾಗಿ ಕೊಳ್ಳುವ ಮಾಲೀಕರು ಬೇರೆಲ್ಲ ಗುಣಗಳಿಗಿಂತ ಮೊದಲು ವಿಚಾರಿಸಬೇಕಾದದ್ದು ಇಷ್ಟೇ: ಬಾಗಿಲ ಸ್ವಿಚ್ಚು ಜೊತೆಗಿದೆಯೇ, ಅನುಮಾನ ಬಂದಾಗ ಈ ಯಂತ್ರ ಯಾರ ಪರ ನಿಲ್ಲುತ್ತದೆ? ಹಾಸಿಗೆಯಲ್ಲಿರುವವರ ಪರ ನಿಲ್ಲದ ಯಂತ್ರ ಎಷ್ಟು ಉಳಿಸಿಕೊಟ್ಟರೂ ತುಟ್ಟಿಯೇ.