ರೂಟ್ ಸ್ವಿಚ್ ಯಾವುದಾಗಬೇಕು?

ಎರಡು ಸ್ವಿಚ್‌ಗಳ ನಡುವೆ ಒಂದೇ ಕೇಬಲ್ ಇದ್ದರೆ, ಅದು ಕೆಟ್ಟ ದಿನ ಸಂಪರ್ಕವೇ ಇಲ್ಲ. ಆಸರೆಗೆಂದು ಇನ್ನೊಂದು ಎಳೆದರೆ ಲೂಪ್ ಆಗುತ್ತದೆ. ಐಪಿ ಪ್ಯಾಕೆಟ್‌ಗಿರುವ ಆಯುಸ್ಸಿನ ಎಣಿಕೆ ಈಥರ್ನೆಟ್ ಫ್ರೇಮ್‌ಗಿಲ್ಲ. ಲೂಪಿಗೆ ಬಿದ್ದ ಬ್ರಾಡ್‌ಕಾಸ್ಟ್ ಫ್ರೇಮ್ ಸುತ್ತುತ್ತಲೇ ಇದ್ದು, ಕ್ಷಣಗಳಲ್ಲಿ ಇಡೀ ಜಾಲವನ್ನು ಉಸಿರುಗಟ್ಟಿಸುತ್ತದೆ.

ಅಮೆರಿಕದ ಡಿಜಿಟಲ್ ಈಕ್ವಿಪ್‌ಮೆಂಟ್ ಕಾರ್ಪೊರೇಷನ್‌ನಲ್ಲಿದ್ದ ರೇಡಿಯಾ ಪರ್ಲ್‌ಮನ್ 1985ರಲ್ಲಿ ಇದಕ್ಕೊಂದು ದಾರಿ ಹುಡುಕಿದರು. ಬ್ರಿಜ್‌ಗಳು, ಅಂದರೆ ಸ್ವಿಚ್‌ಗಳು, ತಮ್ಮೊಳಗೇ ಬಿಪಿಡಿಯು ಎಂಬ ಸಣ್ಣ ಸಂದೇಶಗಳನ್ನು ಹಂಚಿಕೊಂಡು ಒಂದನ್ನು ರೂಟ್ ಎಂದು ಆರಿಸುತ್ತವೆ. ಅದನ್ನು ಮುಟ್ಟುವ ಅಗ್ಗದ ದಾರಿಗಳನ್ನು ಉಳಿಸಿ ಮಿಕ್ಕವನ್ನು ತಡೆಹಿಡಿಯುತ್ತವೆ. ಯಾರೂ ಏನನ್ನೂ ಹೊಂದಿಸಬೇಕಿಲ್ಲ. ಸ್ಪ್ಯಾನಿಂಗ್ ಟ್ರೀ ಎಂಬ ಈ ವಿಧಾನ 1990ರಲ್ಲಿ ಐಇಇಇ 802.1ಡಿ ಮಾನಕವಾಯಿತು.

ಆ ಸುಲಭತನವೇ ಮುಂದೆ ತೊಡಕಾಯಿತು ಎಂಬುದು ನನ್ನ ಅಭಿಪ್ರಾಯ. ರೂಟ್ ಆರಿಸುವುದು ಕಡಿಮೆ ಪ್ರಯಾರಿಟಿ ನೋಡಿ; ಎಲ್ಲ ಸ್ವಿಚ್‌ಗಳಲ್ಲೂ ಅದು ಮೊದಲಿನಿಂದಲೇ 32768. ಹಾಗೇ ಬಿಟ್ಟರೆ ಸಣ್ಣ ಮ್ಯಾಕ್ ವಿಳಾಸದ್ದು ರೂಟ್ ಆಗುತ್ತದೆ. ಅದು ಯಾವುದೋ ಮೂಲೆಯ ಹಳೆಯ ಪೆಟ್ಟಿಗೆಯೂ ಆಗಿರಬಹುದು; ಕಟ್ಟಡದ ದಟ್ಟಣೆಯ ಬಹುಪಾಲು ಅದರ ಮೂಲಕವೇ ಹಾಯಬೇಕಾಗಬಹುದು. ಆದ್ದರಿಂದ ಜಾಲದ ನಡುವಿನ ಬಲಿಷ್ಠ ಸ್ವಿಚ್‌ಗೆ 4096, ಅದರ ಬದಲಿ ಸ್ವಿಚ್‌ಗೆ 8192 ಎಂದು ನಾವೇ ಕೊಡುವುದು ವಾಡಿಕೆ. ಈಗ ಆ ಅಂಕಿಯ ಜಾಗದಲ್ಲಿ ವಿಲ್ಯಾನ್ ಸಂಖ್ಯೆಗೆ 12 ಬಿಟ್ ಮೀಸಲಾಗಿರುವುದರಿಂದ ಪ್ರಯಾರಿಟಿ 4096ರ ಗುಣಕದಲ್ಲೇ ಇರಬೇಕು.

ಕಾಲಮಿತಿಗಳ ಕತೆಯೂ ಹೀಗೇ. 2 ಸೆಕೆಂಡಿಗೊಂದು ಹಲೋ, 20 ಸೆಕೆಂಡ್ ಕಾಯುವಿಕೆ, 15ರಂತೆ ಎರಡು ಹಂತ: ದಾರಿ ಕಡಿದರೆ ಹೊಸದು ತೆರೆಯಲು 50 ಸೆಕೆಂಡ್ ಹಿಡಿಯಬಹುದು. ಜಾಲದ ಯಾವ ಎರಡು ತುದಿಗಳ ನಡುವೆಯೂ ಏಳಕ್ಕಿಂತ ಹೆಚ್ಚು ಬ್ರಿಜ್ ಇರದೆಂಬ ಲೆಕ್ಕದ ಮೇಲೆ ನಿಂತ ಅಂಕಿಗಳಿವು. 2002ರ ನವೆಂಬರಿನಲ್ಲಿ ಬೋಸ್ಟನ್‌ನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯ ಜಾಲ ಆ ಮಿತಿ ಮೀರಿ ಬೆಳೆದಿತ್ತು. ದಟ್ಟಣೆ ಏರಿದಾಗ ಸ್ಪ್ಯಾನಿಂಗ್ ಟ್ರೀ ಕುಸಿಯಿತು. ವೈದ್ಯರು ದಿನಗಟ್ಟಲೆ ಕಾಗದದ ಮೇಲೆ ಕೆಲಸ ಮಾಡಬೇಕಾಯಿತು. ಜಾಲದ ನಕ್ಷೆ ಬರೆಯುವ ಪ್ರತಿಯೊಬ್ಬರೂ ಓದಬೇಕಾದ ಪ್ರಕರಣವಿದು.

ಅಷ್ಟರಲ್ಲಿ 2001ರ 802.1ಡಬ್ಲ್ಯು, ಅಂದರೆ ರ‍್ಯಾಪಿಡ್ ಸ್ಪ್ಯಾನಿಂಗ್ ಟ್ರೀ, ಬಂದಾಗಿತ್ತು. ಗಡಿಯಾರ ನೋಡಿ ಕಾಯುವ ಬದಲು ನೆರೆಯ ಸ್ವಿಚ್‌ಗಳು ನೇರವಾಗಿ ಒಪ್ಪಂದಕ್ಕೆ ಬರುವುದರಿಂದ ಚೇತರಿಕೆ ಕೆಲವೇ ಸೆಕೆಂಡಿಗಿಳಿಯಿತು. ಸಿಸ್ಕೊ ಪ್ರತಿ ವಿಲ್ಯಾನ್‌ಗೂ ಒಂದು ಟ್ರೀ ಕಟ್ಟುವ ಹಾದಿ ಹಿಡಿದರೆ, 2002ರ 802.1ಎಸ್ ಹಲವು ವಿಲ್ಯಾನ್‌ಗಳನ್ನು ಒಂದೇ ಟ್ರೀಗೆ ಸೇರಿಸಿತು. ಇಲ್ಲಿ ಸ್ವಿಚ್‌ಗಳ ಗುಂಪನ್ನು ಪ್ರದೇಶವೆನ್ನುತ್ತಾರೆ; ಅದರ ಹೆಸರು, ಪರಿಷ್ಕರಣೆ ಸಂಖ್ಯೆ, ವಿಲ್ಯಾನ್ ಹಂಚಿಕೆ ಮೂರೂ ಎಲ್ಲ ಸ್ವಿಚ್‌ಗಳಲ್ಲಿ ತಾಳೆಯಾಗಬೇಕು. ಒಂದಕ್ಷರ ತಪ್ಪಿದರೂ ಆ ಸ್ವಿಚ್ ಬೇರೆ ಪ್ರದೇಶವೆನಿಸುತ್ತದೆ.

ಕೇಬಲ್‌ಗಳನ್ನು ಸುಮ್ಮನಿರಿಸದೆ ಎಲ್ಲವನ್ನೂ ದುಡಿಸುವ ಟ್ರಿಲ್ ವಿಧಾನದ ಹಿಂದಿದ್ದವರೂ ಪರ್ಲ್‌ಮನ್. 2011ರಲ್ಲಿ ಅದರ ಮಾನಕ ಬಂತು, ಆದರೆ ಡೇಟಾ ಸೆಂಟರ್‌ಗಳು ಹೆಚ್ಚಾಗಿ ವಿಎಕ್ಸ್‌ಲ್ಯಾನ್‌ನತ್ತ ಹೊರಳಿದವು. ಕಚೇರಿ, ಕಾಲೇಜುಗಳ ಸ್ವಿಚ್‌ಗಳಲ್ಲಿ ಮಾತ್ರ ಸ್ಪ್ಯಾನಿಂಗ್ ಟ್ರೀ ಇಂದಿಗೂ ಕೆಲಸದಲ್ಲಿದೆ. ಅಲ್ಲಿ ಬಳಕೆದಾರರ ಪೋರ್ಟ್‌ಗಳಿಗೆ ಬಿಪಿಡಿಯು ಗಾರ್ಡ್ ಹಾಕಿದರೆ, ಮೇಜಿನ ಕೆಳಗೆ ಯಾರಾದರೂ ಇನ್ನೊಂದು ಸ್ವಿಚ್ ಸಿಕ್ಕಿಸಿದಾಗ ಅದರ ಮೊದಲ ಬಿಪಿಡಿಯುಗೇ ಆ ಪೋರ್ಟ್ ಮುಚ್ಚಿಕೊಳ್ಳುತ್ತದೆ.