ಲಿಂಕಿಗೆ ಬಾಲ ಬಂದ ಕಥೆ

ಬೆಂಗಳೂರಿನ ಒಂದು ಜಾಹೀರಾತು ಕಚೇರಿಯಲ್ಲಿ ಲಿಂಕುಗಳಿಗೆ ಬಾಲ ಅಂಟಿಸಿ ಸಂಬಳ ಎಣಿಸಿದವನು ನಾನು. ಸೀರೆ ಅಂಗಡಿಯೊಂದು ದಸರೆಗೆ ರಿಯಾಯಿತಿ ಬಿಟ್ಟಿತೆನ್ನಿ. ಅದರ ವೆಬ್‌ಸೈಟಿನ ವಿಳಾಸ ಒಂದೇ. ಆದರೆ ಇಮೇಲಿನಲ್ಲಿ ಹೋಗುವ ಲಿಂಕ್ ಬೇರೆ, ಫೇಸ್‌ಬುಕ್ಕಿಗೆ ಹಾಕುವುದು ಬೇರೆ, ಪತ್ರಿಕೆಯ ಜಾಲತಾಣದ ಬ್ಯಾನರಿಗೆ ಕೊಡುವುದು ಬೇರೆ. ವಿಳಾಸದ ಕೊನೆಗೆ ಒಂದು ? ಹಾಕಿ, ಎಲ್ಲಿಂದ ಬಂದರು ಅನ್ನುವುದಕ್ಕೆ ಯುಟಿಎಂ ಸೋರ್ಸ್, ಯಾವ ದಾರಿಯಲ್ಲಿ ಅನ್ನುವುದಕ್ಕೆ ಯುಟಿಎಂ ಮೀಡಿಯಂ, ಯಾವ ಪ್ರಚಾರ ನೋಡಿ ಅನ್ನುವುದಕ್ಕೆ ಯುಟಿಎಂ ಕ್ಯಾಂಪೇನ್ ಎಂದು ಎಕ್ಸೆಲ್ ಶೀಟಿನಲ್ಲಿ ಪೋಣಿಸುತ್ತ ಕೂರಬೇಕು. ಒಬ್ಬ ಫೇಸ್‌ಬುಕ್ ಅನ್ನುವುದನ್ನು ಇಂಗ್ಲಿಷಿನ ದೊಡ್ಡಕ್ಷರದಿಂದ ಶುರುಮಾಡಿ ಇನ್ನೊಬ್ಬಳು ಚಿಕ್ಕಕ್ಷರದಿಂದ ಬರೆದರೆ ಕಥೆ ಮುಗಿಯಿತು, ವರದಿಯಲ್ಲಿ ಅವು ಎರಡು ಬೇರೆ ಸಾಲುಗಳಾಗಿ ಬೀಳುತ್ತಿದ್ದವು. ಸೋಮವಾರ ಬೆಳಗ್ಗೆ ಅವನ್ನು ಒಟ್ಟುಮಾಡಿ ಕ್ಲೈಂಟಿಗೆ ಲೆಕ್ಕ ಒಪ್ಪಿಸುವುದೇ ಒಂದು ಪ್ರತ್ಯೇಕ ಕೆಲಸ.

ಈಗ ನನ್ನ ಕೈ ಮೊದಲು ಹೋಗುವುದು ಬಾಲ ಕತ್ತರಿಸುವುದಕ್ಕೆ. ಕತ್ತರಿಸುವವರು ಈಚೆಗೆ ಬಹಳ ಜನ ಇದ್ದಾರೆ. ಆದರೆ ಎಲ್ಲ ಬಾಲವೂ ಒಂದೇ ಜಾತಿಯದು ಎಂದುಕೊಂಡು ಕತ್ತರಿಸುತ್ತಾರೆ, ಅದನ್ನು ನಾನು ಒಪ್ಪಲಾರೆ.

ವಿಳಾಸದಲ್ಲಿ ಪ್ರಶ್ನಾರ್ಥಕ ಚಿಹ್ನೆ ಬಂದದ್ದು ಯಾರನ್ನೋ ಹಿಂಬಾಲಿಸಲಿಕ್ಕಲ್ಲ. ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ವೆಬ್ ಕಟ್ಟುತ್ತಿದ್ದ ಕಾಲಕ್ಕೆ ಅಲ್ಲಿನವರಿಗೆ ಅದರಿಂದ ಆದ ದೊಡ್ಡ ಉಪಕಾರವೆಂದರೆ ಸಂಸ್ಥೆಯ ಟೆಲಿಫೋನ್ ಡೈರೆಕ್ಟರಿ. ಪುಟವೊಂದು ‘ನನ್ನಲ್ಲಿ ಹುಡುಕಬಹುದು’ ಎಂದು ಬ್ರೌಸರಿಗೆ ತಿಳಿಸುತ್ತಿತ್ತು. ನೀವು ಹೆಸರು ಟೈಪ್ ಮಾಡಿದರೆ ಬ್ರೌಸರು ವಿಳಾಸದ ಕೊನೆಗೆ ? ಇಟ್ಟು, ಮುಂದೆ ನಿಮ್ಮ ಪದಗಳನ್ನು ಕೂಡಿಸುವ ಚಿಹ್ನೆಯಿಂದ ಜೋಡಿಸಿ ಕಳಿಸುತ್ತಿತ್ತು. ಅಂದರೆ ಆ ಚಿಹ್ನೆಯ ಬಲಗಡೆ ಇದ್ದದ್ದೆಲ್ಲ ಕೇಳಿದವನದೇ ಮಾತು. 1993ರಲ್ಲಿ ಅಮೆರಿಕದ ಎನ್‌ಸಿಎಸ್‌ಎ ಕೇಂದ್ರ ಸಿಜಿಐ ಎಂಬ ಪದ್ಧತಿ ತಂದ ಮೇಲೆ ಆ ಭಾಗವನ್ನು ಓದಿಕೊಂಡು ಸರ್ವರಿನ ಒಳಗೆ ಪ್ರೋಗ್ರಾಮೇ ನಡೆಯತೊಡಗಿತು. ಹೆಸರು, ಸಮ ಚಿಹ್ನೆ, ಮೌಲ್ಯ; ಮತ್ತೊಂದು ಬೇಕಾದರೆ ನಡುವೆ ಒಂದು & ಎಂಬ ಸಾಲು ಆಗ ನೆಲೆಯಾಯಿತು. 1994ರ ಡಿಸೆಂಬರಿನಲ್ಲಿ ವಿಳಾಸದ ವ್ಯಾಕರಣ ಅಧಿಕೃತವಾಗಿ ಬರಹಕ್ಕಿಳಿಯಿತು. ಯಾರು ಏನು ಬೇಕಾದರೂ ತುಂಬಬಹುದಾದ ಖಾಲಿ ಜಾಗವೊಂದು ಅದರಲ್ಲಿ ಉಳಿದುಕೊಂಡಿತ್ತು.

ತುಂಬಲು ವ್ಯಾಪಾರಿಗಳು ತಡಮಾಡಲಿಲ್ಲ. ಹಾಗೆ ನೋಡಿದರೆ ಅವರ ಬಯಕೆ ವೆಬ್ಬಿಗಿಂತ ಹಳೆಯದು. ಅಮೆರಿಕದ ಪತ್ರಿಕೆಗಳಲ್ಲಿ ಅಂಚೆ ವ್ಯಾಪಾರದ ಜಾಹೀರಾತು ಕೊಡುವವರು ಪ್ರತಿ ಪತ್ರಿಕೆಯ ಕೂಪನ್ನಿನ ಮೂಲೆಯಲ್ಲಿ ಬೇರೆ ಬೇರೆ ಗುರುತು ಅಚ್ಚುಹಾಕಿಸುತ್ತಿದ್ದರು, ಇಲ್ಲವೇ ವಿಳಾಸದಲ್ಲಿ ಇಲ್ಲದ ಒಂದು ‘ವಿಭಾಗ’ದ ಸಂಖ್ಯೆ ಸೇರಿಸುತ್ತಿದ್ದರು. ಕೂಪನ್ ವಾಪಸು ಬಂದಾಗ ಯಾವ ಪತ್ರಿಕೆಗೆ ಸುರಿದ ದುಡ್ಡು ಕೆಲಸಮಾಡಿತೆಂದು ಗೊತ್ತಾಗುತ್ತಿತ್ತು. ಕ್ಲಾಡ್ ಹಾಪ್ಕಿನ್ಸ್ 1923ರಲ್ಲಿ ಜಾಹೀರಾತಿನ ಬಗ್ಗೆ ಬರೆದ ಪುಸ್ತಕ ಇಂಥ ಎಣಿಕೆಯನ್ನೇ ಆ ಕಸುಬಿನ ಬುನಾದಿಯಾಗಿ ಹಿಡಿಯಿತು. ಗಮನಿಸಬೇಕಾದದ್ದೆಂದರೆ ಕೂಪನ್ನಿನ ಗುರುತು ಪತ್ರಿಕೆಯದು, ಓದುಗನದಲ್ಲ. ಒಂದೇ ಸಂಚಿಕೆಯ ಎಲ್ಲ ಪ್ರತಿಗಳಲ್ಲೂ ಅದೇ ಗುರುತು.

1996ರಲ್ಲಿ ಅಮೆಜಾನ್ ತನ್ನ ಪುಸ್ತಕಗಳ ಕಡೆಗೆ ಗಿರಾಕಿಗಳನ್ನು ಕಳಿಸಿಕೊಟ್ಟವರಿಗೆ ಕಮಿಷನ್ ಕೊಡುವ ಯೋಜನೆ ಶುರುಮಾಡಿತು. ಕಳಿಸಿದವರು ಯಾರೆಂಬುದು ಲಿಂಕಿನಲ್ಲೇ ಇರುತ್ತಿತ್ತು. ನಾನು ಪೋಣಿಸುತ್ತಿದ್ದ ಯುಟಿಎಂ ಬಂದದ್ದು ಸ್ಯಾನ್ ಡಿಯಾಗೋದ ಅರ್ಚಿನ್ ಎಂಬ ಪುಟ್ಟ ಕಂಪನಿಯಿಂದ; ಅರ್ಚಿನ್ ಟ್ರ್ಯಾಕಿಂಗ್ ಮಾಡ್ಯೂಲ್ ಎಂಬುದರ ಮೊದಲಕ್ಷರಗಳು ಅವು. ಸರ್ವರಿನ ಲಾಗ್ ಫೈಲುಗಳನ್ನು ಅರೆದು ವರದಿ ಮಾಡಿಕೊಡುವುದು ಅದರ ವ್ಯಾಪಾರ. ಗೂಗಲ್ 2005ರಲ್ಲಿ ಅದನ್ನು ಕೊಂಡುಕೊಂಡು, ಅದೇ ನವೆಂಬರಿನಲ್ಲಿ ಗೂಗಲ್ ಅನಾಲಿಟಿಕ್ಸ್ ಎಂದು ಹೆಸರಿಟ್ಟು ಪುಕ್ಕಟೆಯಾಗಿ ಬಿಟ್ಟಿತು. ಜನ ಎಷ್ಟು ಮುಗಿಬಿದ್ದರೆಂದರೆ ಕೆಲವೇ ದಿನಗಳಲ್ಲಿ ಹೊಸಬರನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಬೇಕಾಯಿತು. ಕಂಪನಿಯ ಹೆಸರು ಅಳಿಸಿಹೋಯಿತು, ಮೂರಕ್ಷರ ಮಾತ್ರ ಜಗತ್ತಿನ ಲಿಂಕುಗಳಲ್ಲೆಲ್ಲ ಉಳಿದವು.

ಯುಟಿಎಂ ಕೂಡ ಕೂಪನ್ನಿನ ವಂಶದ್ದೇ. ಸೀರೆ ಅಂಗಡಿಯ ಇಮೇಲ್ ತಲುಪಿದ ಪ್ರತಿಯೊಬ್ಬರಿಗೂ ಒಂದೇ ಬಾಲ. ಅದನ್ನು ಓದಿದರೆ ಅರ್ಥವೂ ಆಗುತ್ತದೆ, ಕದ್ದುಮುಚ್ಚಿ ಏನಿಲ್ಲ. ಜಾತಿ ಕೆಟ್ಟದ್ದು ಅದರ ನಂತರ. ಗೂಗಲ್ ಜಾಹೀರಾತಿನ ಲಿಂಕಿಗೆ ತಾನಾಗಿ ಅಂಟಿಕೊಳ್ಳುವ ಜಿಸಿಎಲ್‌ಐಡಿ, 2018ರ ಅಕ್ಟೋಬರಿನಿಂದ ಫೇಸ್‌ಬುಕ್ಕಿನಿಂದ ಹೊರಟ ಲಿಂಕುಗಳಲ್ಲಿ ಕಾಣಿಸಿಕೊಂಡ ಎಫ್‌ಬಿಸಿಎಲ್‌ಐಡಿ ಇವು ಕ್ಲಿಕ್ಕಿನಿಂದ ಕ್ಲಿಕ್ಕಿಗೆ ಬೇರೆ. ನೋಡಿದರೆ ಅಕ್ಷರ ಅಂಕಿಗಳ ಉದ್ದನೆಯ ಗೋಜಲು. ಅದನ್ನು ಬಿಡಿಸುವ ಕೀಲಿ ಕಳಿಸಿದ ಕಂಪನಿಯ ಹತ್ತಿರ ಮಾತ್ರ. ಇಲ್ಲಿ ಗುರುತು ಬಿದ್ದದ್ದು ಪತ್ರಿಕೆಯ ಮೇಲಲ್ಲ, ಓದುಗನ ಬೆನ್ನ ಮೇಲೆ.

ಅವು ಅಷ್ಟು ಬೇಕಾದದ್ದೇಕೆ ಎಂಬುದಕ್ಕೆ ಕಾರಣವಿದೆ. 2017ರ ಸೆಪ್ಟೆಂಬರಿನಲ್ಲಿ ಆಪಲ್ ತನ್ನ ಸಫಾರಿಯಲ್ಲಿ ಸೈಟಿನಿಂದ ಸೈಟಿಗೆ ಹಿಂಬಾಲಿಸುವ ಕುಕೀಗಳಿಗೆ ಕಡಿವಾಣ ಹಾಕಿತು. ಕುಕೀ ದಾರಿ ಮುಚ್ಚಿದಾಗ ವಿಳಾಸದ ದಾರಿ ತೆರೆದೇ ಇತ್ತು. ಬಾಲದಲ್ಲಿ ಬಂದ ಗುರುತನ್ನು, ನೀವು ಹೋದ ಅಂಗಡಿಯ ಪುಟವೇ ತನ್ನ ಸ್ವಂತ ಕುಕೀ ಎಂದು ಬರೆದಿಟ್ಟುಕೊಂಡರೆ ಸಫಾರಿಗೆ ಆಗ ತಕರಾರಿರಲಿಲ್ಲ. ಗೂಗಲ್ ಆ ತಿಂಗಳೇ ಜಿಸಿಎಲ್‌ಐಡಿಗೆ ಹಾಗೊಂದು ಕುಕೀ ಮಾಡಿಕೊಂಡಿತು. 2019ರ ಏಪ್ರಿಲಿನಲ್ಲಿ ಆಪಲ್ ಅದಕ್ಕೂ ಒಂದು ದಿನದ ಆಯುಷ್ಯ ವಿಧಿಸಿತು. ಬಾಲವನ್ನೇ ಕತ್ತರಿಸುವ ಕೆಲಸಕ್ಕೆ ಬ್ರೇವ್ ಬ್ರೌಸರು ಮೊದಲು ಇಳಿಯಿತು. 2022ರ ಜೂನಿನಲ್ಲಿ ಫೈರ್‌ಫಾಕ್ಸ್ 102 ತನ್ನ ಬಿಗಿ ರಕ್ಷಣೆಯಲ್ಲಿ ಸೇರಿಸಿತು. 2023ರಲ್ಲಿ ಆಪಲ್ಲಿನ ಐಓಎಸ್ 17 ಅದನ್ನೇ ಮೆಸೇಜಸ್, ಮೇಲ್ ಮತ್ತು ಸಫಾರಿಯ ಖಾಸಗಿ ಕಿಟಕಿಗಳಲ್ಲಿ ಮಾಡತೊಡಗಿತು. ಆಪಲ್ಲಿನ ಕತ್ತರಿ ಜಿಸಿಎಲ್‌ಐಡಿಯನ್ನು ಕತ್ತರಿಸಿ ಯುಟಿಎಂ ಅನ್ನು ಹಾಗೇ ಬಿಟ್ಟದ್ದು ನನಗೆ ನ್ಯಾಯವಾಗಿ ಕಂಡಿತು. ಫೈರ್‌ಫಾಕ್ಸ್ ಎಫ್‌ಬಿಸಿಎಲ್‌ಐಡಿ ತೆಗೆದು ಜಿಸಿಎಲ್‌ಐಡಿಯನ್ನು ಮುಟ್ಟದೆ ಬಿಟ್ಟದ್ದು ಮಾತ್ರ ಅಷ್ಟು ನ್ಯಾಯವೆನಿಸಲಿಲ್ಲ.

ಬ್ರೌಸರುಗಳು ಎಚ್ಚೆತ್ತುಕೊಳ್ಳುವ ಮೊದಲೇ ಹವ್ಯಾಸಿಗಳು ಬರೆದ ಎಕ್ಸ್‌ಟೆನ್ಷನ್ನುಗಳಿದ್ದವು. ಕ್ಲಿಯರ್‌ಯುಆರ್‌ಎಲ್ಸ್ ಎಂಬುದನ್ನು 2021ರಲ್ಲಿ ಕ್ರೋಮ್ ಅಂಗಡಿಯಿಂದ ಕೆಲದಿನ ತೆಗೆದುಹಾಕಿದ್ದರು. ಕೊಟ್ಟ ಕಾರಣಗಳಲ್ಲಿ ಅದರ ವಿವರಣೆ ಅತಿ ವಿವರವಾಗಿದೆ ಎಂಬುದೂ ಒಂದು! ಇತ್ತ 2022ರಲ್ಲಿ ಫೇಸ್‌ಬುಕ್ ಪೋಸ್ಟುಗಳ ವಿಳಾಸವೇ ಬದಲಾಯಿತು. ಮೊದಲಿದ್ದ ಸರಳ ಅಂಕಿಯ ಜಾಗದಲ್ಲಿ ಪಿಎಫ್‌ಬಿಐಡಿ ಎಂದು ಶುರುವಾಗುವ ಉದ್ದನೆಯ ಸರಪಳಿ ಬಂತು. ಮಾಹಿತಿ ಬಾಚಿಕೊಳ್ಳುವವರನ್ನು ತಡೆಯಲು ಎಂದು ಅವರ ಸಮಜಾಯಿಷಿ. ಪೋಸ್ಟಿನ ಗುರುತು ಯಾವುದು, ಉಳಿದದ್ದು ಯಾವುದು ಎಂದು ಅದರಲ್ಲಿ ಬೇರ್ಪಡಿಸಲಾಗದು. ಕತ್ತರಿಸಿದರೆ ಪೋಸ್ಟೇ ಸಿಗುವುದಿಲ್ಲ.

ಹುಡುಕಾಟದ ಬಾಲದ ಕಥೆ ಇನ್ನೊಂದು ಬಗೆಯದು. ಗೂಗಲ್ಲಿನಲ್ಲಿ ಏನಾದರೂ ಹುಡುಕಿ ವಿಳಾಸ ಕಾಪಿ ಮಾಡಿ ನೋಡಿ. ಕ್ರೋಮ್‌ನಲ್ಲಾದರೆ ಕ್ಯೂ ಎಂಬುದರ ಮುಂದೆ ನಿಮ್ಮ ಪ್ರಶ್ನೆ. ಓಕ್ಯೂ ಎಂಬುದರ ಮುಂದೆ ಸಲಹೆಯ ಪಟ್ಟಿಯಿಂದ ಆರಿಸುವ ಮೊದಲು ನೀವೇ ಟೈಪ್ ಮಾಡಿದ್ದು: ‘ಮೈಸೂ’ ಎಂದು ಒತ್ತಿ ‘ಮೈಸೂರು ದಸರಾ ಪಾಸ್’ ಆರಿಸಿಕೊಂಡರೆ ಆ ಅರ್ಧಂಬರ್ಧ ‘ಮೈಸೂ’ ಕೂಡ ಜತೆಗೇ ಹೋಗುತ್ತದೆ. ಕೆಲವು ಕಂಪ್ಯೂಟರುಗಳಲ್ಲಿ ಆರ್‌ಎಲ್‌ಜೆಡ್ ಎಂದೊಂದು ಇರುತ್ತದೆ. ಬ್ರೌಸರು ಯಾವ ಪ್ರಚಾರದ ಮೂಲಕ ಅಲ್ಲಿಗೆ ಬಂದು ಕೂತಿತೆಂಬ ಸಂಕೇತ ಅದು. ಫಲಿತಾಂಶದ ಲಿಂಕುಗಳಲ್ಲೂ ಒಂದು ಕೈಚಳಕ ಬಹುಕಾಲ ನಡೆಯುತ್ತಿತ್ತು. ಮೌಸ್ ಮೇಲಿಟ್ಟರೆ ಕೆಳಗಡೆ ನಿಜವಾದ ವಿಳಾಸ ಕಾಣುವುದು, ಬಟನ್ ಒತ್ತಿದ ಕ್ಷಣಕ್ಕೆ ಅದು ಗೂಗಲ್ ಮೂಲಕ ಸುತ್ತುಹಾಕುವ ವಿಳಾಸವಾಗಿ ಬದಲಾಗುವುದು. ಬಲ ಕ್ಲಿಕ್ ಮಾಡಿ ಕಾಪಿ ಮಾಡಿದವರಿಗೆ ಸಿಗುತ್ತಿದ್ದುದು ಆ ಸುತ್ತುಬಳಸಿನದೇ.

ಕನ್ನಡದಲ್ಲಿ ಹುಡುಕುವವರಿಗೆ ಮತ್ತೊಂದು ಪಜೀತಿ. ‘ಮೈಸೂರು’ ಕಣ್ಣಿಗೆ ಮೂರಕ್ಷರ. ಯೂನಿಕೋಡ್ ಅದನ್ನು ವ್ಯಂಜನ ಬೇರೆ ಸ್ವರಚಿಹ್ನೆ ಬೇರೆ ಎಂದು 6 ಸಂಕೇತಗಳಾಗಿ ಇಡುತ್ತದೆ. ಒಂದೊಂದಕ್ಕೆ 3 ಬೈಟ್, ಒಂದೊಂದು ಬೈಟಿಗೆ ವಿಳಾಸದಲ್ಲಿ ಶೇಕಡಾ ಚಿಹ್ನೆ ಸೇರಿ 3 ಅಕ್ಷರ. ಒಟ್ಟು 54. ವಾಟ್ಸಾಪಿಗೆ ಅಂಟಿಸಿದರೆ ಪರದೆ ತುಂಬ ಶೇಕಡಾ ಚಿಹ್ನೆ. ನಮ್ಮ ಸೋದರತ್ತೆ ಒಮ್ಮೆ ಅಂಥದ್ದು ನೋಡಿ, “ಏನೋ ಇದು, ವೈರಸ್ ಕಳಿಸಿದೀಯಾ?” ಅಂದರು. ಹೆದರಿಸಿದ್ದು ಅವರಿಗೆ ಬೇಕಿದ್ದ ಕನ್ನಡವೇ. ಗುಟ್ಟಿನ ಬಾಲ ಅದರ ಹಿಂದೆ ಪುಟ್ಟದಾಗಿ, ಸಾಧುವಾಗಿ ಕೂತಿತ್ತು. ಬಾಲ ಕತ್ತರಿಸಹೊರಟವರು ಶೇಕಡಾ ಚಿಹ್ನೆಗಳನ್ನೇ ಅಳಿಸಿ, ಬೇಡದ್ದನ್ನು ಉಳಿಸಿದ್ದನ್ನೂ ಕಂಡಿದ್ದೇನೆ.

ಗೂಗಲ್ ಹುಡುಕಾಟವನ್ನು ಚೊಕ್ಕ ಮಾಡಲು ಎಕ್ಸ್‌ಟೆನ್ಷನ್ನೇ ಬೇಕೆಂದಿಲ್ಲ. ಕ್ರೋಮಿನ ಸೆಟ್ಟಿಂಗ್ಸಿನಲ್ಲಿ ಸರ್ಚ್ ಇಂಜಿನ್ನಿನ ಪಟ್ಟಿಗೆ ಹೊಸದೊಂದು ಸೇರಿಸಿ, ವಿಳಾಸದಲ್ಲಿ ಕ್ಯೂ ಒಂದನ್ನೇ ಬರೆದು, ಸಮ ಚಿಹ್ನೆಯ ಮುಂದೆ ಶೇಕಡಾ ಚಿಹ್ನೆ ಮತ್ತು ಇಂಗ್ಲಿಷಿನ ಚಿಕ್ಕ ಎಸ್ ಇಟ್ಟರಾಯಿತು. ಹುಡುಕುವ ಪದಗಳು ಆ ಜಾಗದಲ್ಲಿ ಹೋಗಿ ಕೂರುತ್ತವೆ. ವಿಳಾಸಪಟ್ಟಿಯಿಂದ ಬೇರೇನೂ ಸೇರುವುದಿಲ್ಲ. ಫಲಿತಾಂಶದ ಪುಟದೊಳಗೆ ಮತ್ತೆ ಹುಡುಕಿದರೆ ಗೂಗಲ್ ತನ್ನ ಬಾಲಗಳನ್ನು ಹೊಸದಾಗಿ ಅಂಟಿಸುತ್ತದೆ, ಅದು ಬೇರೆ ಮಾತು. ಲಾಗಿನ್ ಆಗಿ ಹುಡುಕುವವರಿಗಂತೂ ಈ ಕಸರತ್ತಿನಿಂದ ಹೆಚ್ಚೇನೂ ಪ್ರಯೋಜನವಿಲ್ಲ, ಖಾತೆಯೇ ಹೆಸರು ಹೇಳಿಬಿಡುತ್ತದೆ.

ಫೈರ್‌ಫಾಕ್ಸಿನಲ್ಲಿ ಮಾತ್ರ ನಾನು ಹಾಗೆ ಮಾಡಿಲ್ಲ. ಅಲ್ಲಿ ವಿಳಾಸಪಟ್ಟಿಯಿಂದ ಗೂಗಲ್ಲಿನಲ್ಲಿ ಹುಡುಕಿದರೆ ಕ್ಲೈಂಟ್ ಎಂಬುದರ ಮುಂದೆ ಫೈರ್‌ಫಾಕ್ಸಿನ ಸಂಕೇತವೊಂದು ಹೋಗುತ್ತದೆ. ತನ್ನ ಮೂಲಕ ಹುಡುಕಿದ್ದಕ್ಕೆ ಮೊಜಿಲ್ಲಾ ಸಂಸ್ಥೆಗೆ ಗೂಗಲ್ ದುಡ್ಡು ಕೊಡುವ ಒಪ್ಪಂದ ಮೊದಲು ಆದದ್ದು 2004ರಲ್ಲಿ, ಆ ಸಂಸ್ಥೆಯ ಆದಾಯದ ಬಹುಪಾಲು ಇಂಥ ಒಪ್ಪಂದಗಳದೇ. ಆ ಸಂಕೇತ ನನ್ನದಲ್ಲ, ಬ್ರೌಸರಿನದು. ಹಳೆಯ ಕೂಪನ್ನಿನ ಮೂಲೆಯ ಗುರುತಿನಂತೆ ಫೈರ್‌ಫಾಕ್ಸ್ ಬಳಸುವ ನೂರಾರು ಊರಿನವರೆಲ್ಲರ ಹುಡುಕಾಟದಲ್ಲೂ ಅದೇ ಇರುತ್ತದೆ. ಅದನ್ನು ಕತ್ತರಿಸಿ ನನಗೆ ಆಗಬೇಕಾದದ್ದೇನೂ ಇಲ್ಲವೆಂದು ಹಾಗೇ ಬಿಟ್ಟಿದ್ದೇನೆ.