ಸಂಗೀತಯಾತ್ರಿಕ ಚಾರ್ಲ್ಸ್ ಬರ್ನಿ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬ ನಾಣ್ಣುಡಿಯು ಜ್ಞಾನಾರ್ಜನೆಗೆ ಎರಡು ಮಾರ್ಗಗಳನ್ನು ತೋರಿಸುತ್ತದೆ. ಶಿಲ್ಪವನ್ನೋ ಶಾಸನವನ್ನೋ ಅಭ್ಯಸಿಸುವವನು ಇವೆರಡರಲ್ಲಿ ಯಾವುದನ್ನು ಮೊದಲು ಹಿಡಿದರೂ ಬಾಧಕವಿಲ್ಲ. ಕಲ್ಲು ಇಂದು ಇದ್ದಂತೆ ನಾಳೆಯೂ ಇರುವುದು. ಸಂಗೀತದ ಮಾತು ಹಾಗಲ್ಲ. ಹಾಡಿದ ಹಾಡು ಹಾಡಿದ ಗಳಿಗೆಯಲ್ಲಿಯೇ ಗಾಳಿಯಲ್ಲಿ ಲೀನವಾಗುತ್ತದೆ. ಎಡಿಸನ್ನನು ಧ್ವನಿಮುದ್ರಣ ಯಂತ್ರವನ್ನು ನಿರ್ಮಿಸಿದುದು 1877ರಲ್ಲಿ. ಅದಕ್ಕೆ ಹಿಂದಿನ ಕಾಲದ ಗಾಯನವಾದನಗಳು ಕೇಳುವವರಿಗೆ ಹೇಗಿದ್ದುವೆಂಬುದನ್ನು ತಿಳಿಯಬೇಕಾದರೆ, ಕಿವಿಯಾರೆ ಕೇಳಿ ಬರೆದಿಟ್ಟವರ ಮಾತೇ ಆಧಾರ. ಅಂತಹ ಸಾಕ್ಷಿಗಳಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಬರ್ನಿಯು ಅಗ್ರಗಣ್ಯನು. ಆತನು 1770ರಲ್ಲಿಯೂ 1772ರಲ್ಲಿಯೂ ಯೂರೋಪಿನ ಹಲವು ನಾಡುಗಳನ್ನು ಸುತ್ತಿ, ಅರಮನೆಯಿಂದ ಬೀದಿಯವರೆಗೆ ಎಲ್ಲೆಲ್ಲಿ ಸಂಗೀತವು ನಡೆಯುತ್ತಿದ್ದಿತೋ ಅಲ್ಲಲ್ಲಿಗೆ ಹೋಗಿ ಕೇಳಿದನು.

ಬರ್ನಿಯು 1726ರಲ್ಲಿ ಶ್ರೂಸ್ಬರಿ ಎಂಬ ಊರಿನಲ್ಲಿ ಜನಿಸಿದನು. ತಾರುಣ್ಯದಲ್ಲಿ ಲಂಡನ್ನಿಗೆ ಬಂದು ಥಾಮಸ್ ಆರ್ನ್ ಎಂಬ ವಾಗ್ಗೇಯಕಾರನ ಬಳಿ ಶಿಷ್ಯವೃತ್ತಿ ಮಾಡಿದನು. ಬಳಿಕ ಆರೋಗ್ಯ ಕೆಟ್ಟುದರಿಂದ ರಾಜಧಾನಿಯನ್ನು ಬಿಟ್ಟು, 1751ರಿಂದ ಒಂಬತ್ತು ವರುಷಗಳ ಕಾಲ ಕಿಂಗ್ಸ್ ಲಿನ್ ಎಂಬ ಸಣ್ಣ ರೇವುಪಟ್ಟಣದ ಇಗರ್ಜಿಯಲ್ಲಿ ಆರ್ಗನ್ ವಾದಕನಾಗಿದ್ದನು. 1760ರಲ್ಲಿ ಲಂಡನ್ನಿಗೆ ಮರಳಿದ ಮೇಲೆ ಸಿರಿವಂತರ ಮಕ್ಕಳಿಗೆ ಪಾಠ ಹೇಳುವುದೇ ಅವನ ಜೀವನೋಪಾಯವಾಯಿತು. ಬೆಳಗಿನಿಂದ ರಾತ್ರಿಯವರೆಗೆ ಮನೆಯಿಂದ ಮನೆಗೆ ಅಲೆಯುವ ಈ ವೃತ್ತಿಯ ನಡುವೆಯೇ ಆತನು ಓದಿದನು, ಭಾಷೆಗಳನ್ನು ಕಲಿತನು, ಸಂಗೀತದ ಸಮಗ್ರ ಚರಿತ್ರೆಯೊಂದನ್ನು ಬರೆಯಬೇಕೆಂದು ಸಂಕಲ್ಪಿಸಿದನು. 1769ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯವು ಅವನಿಗೆ ಸಂಗೀತದಲ್ಲಿ ಡಾಕ್ಟರ್ ಪದವಿಯನ್ನಿತ್ತಿತು.

ಚರಿತ್ರೆಗಾಗಿ ಆತನು ಗ್ರಂಥಗಳನ್ನು ಕೂಡಿಹಾಕಿದಷ್ಟೂ ಒಂದು ಸಂಗತಿಯು ಸ್ಪಷ್ಟವಾಗುತ್ತ ಬಂದಿತು. ಹಿಂದಿನ ಲೇಖಕರು ಒಬ್ಬರನ್ನೊಬ್ಬರು ನಕಲು ಮಾಡಿದ್ದರು; ಒಂದು ಗ್ರಂಥದ ತಪ್ಪು ಹತ್ತು ಗ್ರಂಥಗಳಲ್ಲಿ ಪ್ರಮಾಣವಾಗಿ ನಿಂತಿದ್ದಿತು. ಹೊಳೆಯ ನೀರು ಕದಡಿದ್ದರೆ ಊಟೆಯನ್ನೇ ಹುಡುಕಿಕೊಂಡು ಹೋಗಬೇಕು. ಆದುದರಿಂದ ಬರ್ನಿಯು ಎರಡು ಉದ್ದೇಶಗಳನ್ನಿಟ್ಟುಕೊಂಡು 1770ರ ಜೂನ್ ತಿಂಗಳಲ್ಲಿ ಲಂಡನ್ನಿನಿಂದ ಹೊರಟನು. ಪರದೇಶದ ಪುಸ್ತಕ ಭಂಡಾರಗಳಲ್ಲಿ ಹಳೆಯ ಗ್ರಂಥಗಳನ್ನು ಶೋಧಿಸುವುದು ಒಂದು. ಆಯಾ ನಾಡಿನ ಸಂಗೀತವನ್ನು ಆಯಾ ನೆಲದಲ್ಲಿಯೇ ಕೇಳಿ ತಿಳಿಯುವುದು ಇನ್ನೊಂದು. ಮೊದಲನೆಯದೇ ಮುಖ್ಯವೆಂದು ಆತನು ಭಾವಿಸಿದ್ದಂತೆ ತೋರುತ್ತದೆ. ಆದರೆ ಅವನ ಪ್ರವಾಸದ ನಿಜವಾದ ಫಲವು ಎರಡನೆಯದರಿಂದ ದೊರೆಯಿತು.

ತಡಮಾಡಿದರೆ ಏನು ಕಳೆದುಹೋಗುವುದೆಂಬುದನ್ನು ಇಟಲಿಯ ಪಾದುವಾ ನಗರವು ಅವನಿಗೆ ಕಲಿಸಿತು. ಪಿಟೀಲು ವಾದನದಲ್ಲಿ ಯೂರೋಪಿಗೇ ಗುರುವೆನಿಸಿದ್ದ ತಾರ್ತೀನಿಯು ಆ ಊರಿನಲ್ಲಿ ವಾಸಿಸುತ್ತಿದ್ದನು. ಬರ್ನಿಯು ಅಲ್ಲಿಗೆ ಮುಟ್ಟುವ ಕೆಲವು ತಿಂಗಳ ಮೊದಲು, 1770ರ ಫೆಬ್ರವರಿಯಲ್ಲಿ, ಆ ಮಹಾನುಭಾವನು ಕಾಲವಾಗಿದ್ದನು. ಯಾತ್ರಿಕನು ಪುಣ್ಯಕ್ಷೇತ್ರಕ್ಕೆ ಬಂದ ಭಕ್ತನಂತೆ ಆತನಿದ್ದ ಬೀದಿಯನ್ನೂ ಮನೆಯನ್ನೂ ಸಮಾಧಿಯನ್ನೂ ಕಂಡು, ಆತನನ್ನು ಬಲ್ಲವರನ್ನು ಮಾತನಾಡಿಸಿ ಬಂದನು. ತಾರ್ತೀನಿಯು ಬರೆದ ಕೃತಿಗಳು ಉಳಿದಿದ್ದುವು. ಅವನ ಕಮಾನಿನ ನಾದವು ಮಾತ್ರ ಮಣ್ಣುಗೂಡಿದ್ದಿತು.

ಅಲ್ಲಿಂದ ಆತನು ವೆನಿಸ್ ನಗರಕ್ಕೆ ಬಂದನು. ಊರನ್ನು ಸೇರಿದೊಡನೆಯೇ ಅವನ ಕಿವಿಗೆ ಬಿದ್ದುದು ನಾಟಕಶಾಲೆಯ ಗಾನವಲ್ಲ, ಬೀದಿಯಲ್ಲಿ ಅಲೆಯುವ ಒಂದು ಸಣ್ಣ ಮೇಳದ ಸಂಗೀತ. ಎರಡು ಪಿಟೀಲು, ಒಂದು ದೊಡ್ಡ ಮಂದ್ರಪಿಟೀಲು, ಒಂದು ಕಂಠ, ಇಷ್ಟೇ ಆ ಮೇಳ. ದಾರಿಹೋಕರು ಯಾರೂ ಅದರ ಕಡೆಗೆ ತಿರುಗಿ ನೋಡುತ್ತಿರಲಿಲ್ಲ. ಇಂಗ್ಲೆಂಡಿನ ಬೀದಿಗಳಲ್ಲಿ ಇದ್ದಿಲು ಮಾರುವವನ ಕೂಗಿಗೆ ಎಷ್ಟು ಲಕ್ಷ್ಯವೋ ಇಲ್ಲಿ ಈ ಮೇಳಕ್ಕೆ ಅಷ್ಟೇ ಲಕ್ಷ್ಯವೆಂದು ಬರ್ನಿಯು ಬರೆದಿದ್ದಾನೆ. ಅದೇ ಮೇಳವು ಬೇರೆ ಯಾವ ದೇಶದಲ್ಲಿ ನುಡಿಸಿದ್ದರೂ ಜನರು ನಿಂತು ಕೇಳಿ ಮೆಚ್ಚುತ್ತಿದ್ದರೆಂದು ಅವನ ಅಭಿಪ್ರಾಯ. ಮನೆಯ ಅಂಗಳದ ಮಲ್ಲಿಗೆಯ ಕಂಪು ಮನೆಯವರಿಗೆ ತಿಳಿಯದಂತೆ, ನಿತ್ಯವೂ ಕೇಳುವ ಸಂಗೀತದ ಸೊಗಸು ಊರಿನವರಿಗೆ ತಿಳಿಯದು. ಹೊರಗಿನವನೇ ಬಂದು ಹೇಳಬೇಕಾಗುತ್ತದೆ.

ವೆನಿಸ್ಸಿನ ಮತ್ತೊಂದು ಆಶ್ಚರ್ಯವು ಅಲ್ಲಿಯ ನಾಲ್ಕು ಧರ್ಮಾಲಯಗಳು. ಅನಾಥರನ್ನೂ ದರಿದ್ರರನ್ನೂ ರೋಗಿಗಳನ್ನೂ ಪೋಷಿಸುವುದಕ್ಕಾಗಿ ಸ್ಥಾಪಿತವಾದ ಈ ಆಲಯಗಳಲ್ಲಿ ಹೆಣ್ಣುಮಕ್ಕಳಿಗೆ ಉಚ್ಚತರದ ಸಂಗೀತಶಿಕ್ಷಣವು ದೊರೆಯುತ್ತಿದ್ದಿತು. ಪಿಯೆತಾ ಎಂಬ ಆಲಯದಲ್ಲಿ 1703ರಿಂದ ವಿವಾಲ್ಡಿಯು ಗುರುವಾಗಿದ್ದನು. ಬರ್ನಿಯ ಕಾಲಕ್ಕೆ ಇನ್‌ಕುರಾಬಿಲಿ ಎಂಬ ಆಲಯದಲ್ಲಿ ಗಲುಪ್ಪಿಯು ಗುರುವಾಗಿದ್ದನು. ಹುಡುಗಿಯರು ಜಾಲಂದರದ ಮರೆಯಲ್ಲಿ ನಿಂತು ಹಾಡುತ್ತಿದ್ದುದರಿಂದ ಜನರಿಗೆ ಧ್ವನಿ ಕೇಳಿಸುತ್ತಿದ್ದಿತಲ್ಲದೆ ಮುಖ ಕಾಣಿಸುತ್ತಿರಲಿಲ್ಲ. ಮೆಂದಿಕಾಂತಿ ಎಂಬ ಆಲಯದವರು ಬರ್ನಿಗೆ ವಿಶೇಷವಾಗಿ ಒಳಗೆ ಪ್ರವೇಶವನ್ನಿತ್ತರು. ಪಿಟೀಲಿನಿಂದ ಹಿಡಿದು ಕೊಂಬಿನವರೆಗೆ, ಆಳೆತ್ತರದ ಮಂದ್ರವಾದ್ಯದವರೆಗೆ, ಪ್ರತಿಯೊಂದು ವಾದ್ಯವನ್ನೂ ಹುಡುಗಿಯರೇ ನುಡಿಸುತ್ತಿದ್ದುದನ್ನು ಆತನು ಕಂಡನು. ಆ ಕಾಲದ ಯೂರೋಪಿನಲ್ಲಿ ಇಂತಹ ವಾದ್ಯಗಳು ಗಂಡಸರ ಸೊತ್ತೆಂಬ ಭಾವನೆಯಿದ್ದಿತು. ತಾಯಿತಂದೆಗಳಿಲ್ಲದ ಹೆಣ್ಣುಮಕ್ಕಳಿಗೆ ಒಂದು ನಗರವು ಕೊಟ್ಟ ವಿದ್ಯೆಯು ಆ ನಗರಕ್ಕೇ ಕೀರ್ತಿಯನ್ನು ತಂದಿದ್ದಿತು.

ಬೊಲೋನ್ಯದಲ್ಲಿ ಪಾದ್ರಿ ಮಾರ್ತೀನಿಯ ಗ್ರಂಥಭಂಡಾರವು ಬರ್ನಿಯ ಕಣ್ಣನ್ನು ತಣಿಸಿತು. ಅಲ್ಲಿ ಸಂಗೀತಕ್ಕೆ ಸಂಬಂಧಿಸಿದ ಸುಮಾರು 17,000 ಸಂಪುಟಗಳಿದ್ದುವೆಂದು ಆತನು ಹೇಳುತ್ತಾನೆ. ಅದೇ ಊರಿನ ಉತ್ಸವವೊಂದರಲ್ಲಿ, 1770ರ ಆಗಸ್ಟ್ ಕೊನೆಯಲ್ಲಿ, ತಂದೆಯೊಡನೆ ಬಂದಿದ್ದ ಹದಿನಾಲ್ಕು ವರುಷದ ಮೋಟ್ಸಾರ್ಟನನ್ನೂ ಕಂಡನು.

ರೋಮಿನಲ್ಲಿ ಅವನು ಕೇಳಿದ ವೃತ್ತಾಂತವೊಂದು ಅವನ ಯಾತ್ರೆಯ ತತ್ತ್ವವನ್ನೇ ಎತ್ತಿಹೇಳುವಂತಿದೆ. ಪೋಪರ ಸಿಸ್ಟೈನ್ ದೇವಮಂದಿರದಲ್ಲಿ ಪವಿತ್ರವಾರದಂದು ಅಲ್ಲೆಗ್ರಿ ಎಂಬವನು ರಚಿಸಿದ ‘ಮಿಸೆರೆರೆ’ ಎಂಬ ಕೀರ್ತನವನ್ನು ಹಾಡುವುದು ಆಗ ವಾಡಿಕೆಯಾಗಿದ್ದಿತು. ಅದರ ಕೀರ್ತಿಯನ್ನು ಕೇಳಿದ ಚಕ್ರವರ್ತಿ ಲಿಯೊಪೋಲ್ಡನು ಸ್ವರಲಿಪಿಯ ಪ್ರತಿಯನ್ನು ತರಿಸಿ ವಿಯೆನ್ನಾದಲ್ಲಿ ನಿಪುಣರಾದ ಗಾಯಕರಿಂದ ಹಾಡಿಸಿದನು. ಹಾಡು ಸಪ್ಪೆಯಾಯಿತು. ರೋಮಿನ ಗಾಯಕಮುಖ್ಯನು ನಕಲಿ ಪ್ರತಿಯನ್ನು ಕಳುಹಿಸಿ ಮೋಸ ಮಾಡಿದನೆಂದು ದೂರು ಹೋಯಿತು. ಪಾಪ, ಅವನ ಉದ್ಯೋಗವೇ ಹೋಯಿತು. ಪ್ರತಿಯು ಸರಿಯಾದುದೇ ಎಂದೂ, ಆ ಮಂದಿರದ ಗಾಯಕರು ಪರಂಪರೆಯಿಂದ ಕಲಿತ ಹಾಡುವ ರೀತಿಯನ್ನು ಕಾಗದದಲ್ಲಿ ಬರೆಯಲಾಗದೆಂದೂ ಅವನು ವಿವರಿಸಬೇಕಾಯಿತು. ಬರ್ನಿಯು ಆ ಸ್ವರಲಿಪಿಯನ್ನು ಸಂಪಾದಿಸಿ 1771ರಲ್ಲಿ ಲಂಡನ್ನಿನಲ್ಲಿ ಅಚ್ಚುಹಾಕಿಸಿದನು. ಅದರೊಡನೆ, ಸ್ವರಲಿಪಿಯೇ ಸಂಗೀತವಲ್ಲವೆಂಬ ಈ ಕಥೆಯನ್ನೂ ಉಳಿಸಿದನು.

ನೇಪಲ್ಸಿಗೆ ಬರುವಾಗ ಅವನ ನಿರೀಕ್ಷೆಯು ಬಲು ದೊಡ್ಡದಾಗಿದ್ದಿತು. ಯೂರೋಪಿನ ನಾಟಕಶಾಲೆಗಳಿಗೆಲ್ಲ ಗಾಯಕರನ್ನೂ ವಾಗ್ಗೇಯಕಾರರನ್ನೂ ಒದಗಿಸುತ್ತಿದ್ದುದು ಆ ಊರಿನ ಅನಾಥಾಲಯಗಳಿಂದ ಬೆಳೆದುಬಂದ ಸಂಗೀತಶಾಲೆಗಳು. ಆಗ ಅಂತಹವು ಮೂರು ಉಳಿದಿದ್ದುವು. ಅವುಗಳಲ್ಲೊಂದಾದ ಸಂತ್ ಒನೋಫ್ರಿಯೊ ಶಾಲೆಯನ್ನು ಹೊಕ್ಕ ಬರ್ನಿಗೆ ಕಂಡುದು ಗಂಧರ್ವಲೋಕವಲ್ಲ, ಸಂತೆಯ ಗದ್ದಲ. ಮೆಟ್ಟಿಲಿನ ಮೇಲೊಬ್ಬನು ಉಸಿರು ಬಿಗಿಹಿಡಿದು ತುತ್ತೂರಿಯನ್ನೂದುತ್ತಿದ್ದನು. ಅದರಾಚೆಯ ಮೆಟ್ಟಿಲಿನಲ್ಲಿ ಇನ್ನೊಬ್ಬನು ಕೊಂಬನ್ನು ಮೊರೆಯಿಸುತ್ತಿದ್ದನು. ಒಂದೇ ಕೋಣೆಯಲ್ಲಿ ಏಳೆಂಟು ಹಾರ್ಪ್ಸಿಕಾರ್ಡುಗಳು, ಅದಕ್ಕೂ ಹೆಚ್ಚು ಪಿಟೀಲುಗಳು, ಹಲವು ಕಂಠಗಳು, ಒಬ್ಬೊಬ್ಬರದು ಒಂದೊಂದು ಪಾಠ, ಒಂದೊಂದು ಶ್ರುತಿ. ಮಲಗುವ ಮಂಚಗಳೇ ಹುಡುಗರಿಗೆ ಆಸನಗಳು. ಚಳಿಗಾಲದಲ್ಲಿ ಅವರು ಬೆಳಕು ಹರಿಯುವುದಕ್ಕೆ ಎರಡು ಗಂಟೆ ಮುಂಚೆಯೇ ಏಳಬೇಕಾಗಿದ್ದಿತು. ಎಳವೆಯಲ್ಲಿಯೇ ಶಸ್ತ್ರಚಿಕಿತ್ಸೆಯಿಂದ ಪುಂಸ್ತ್ವವನ್ನು ಕಳೆದು ಕಂಠವನ್ನು ಉಳಿಸಿಕೊಂಡಿದ್ದ ಹದಿನಾರು ಮಂದಿ ಹುಡುಗರು, ನೆಗಡಿಯಾಗಿ ಧ್ವನಿ ಕೆಟ್ಟೀತೆಂಬ ಭಯದಿಂದ, ಮೇಲಂತಸ್ತಿನ ಬೆಚ್ಚನೆಯ ಕೋಣೆಗಳಲ್ಲಿ ಮಲಗುತ್ತಿದ್ದರು. ಇಂತಹ ಗದ್ದಲದಲ್ಲಿ ಕಲಿತವರಿಗೆ ನಯವೂ ಸೂಕ್ಷ್ಮವೂ ಬರುವುದು ಹೇಗೆಂದು ಬರ್ನಿಯು ಸಂದೇಹಪಟ್ಟನು. ರಂಗಮಂದಿರದ ದೀಪಗಳ ಕೆಳಗೆ ಮೆರೆಯುತ್ತಿದ್ದ ಕಲೆಯ ಹಿಂದೆ ಎಷ್ಟು ಮಕ್ಕಳ ದೇಹವೂ ನಿದ್ರೆಯೂ ಸವೆದಿದ್ದುವೆಂಬುದು ಆ ಒಂದು ಪುಟದಿಂದ ತಿಳಿಯುತ್ತದೆ.

ಡಿಸೆಂಬರಿನಲ್ಲಿ ಊರಿಗೆ ಮರಳಿದ ಬರ್ನಿಯು ಮರುವರುಷವೇ ಫ್ರಾನ್ಸು ಮತ್ತು ಇಟಲಿಗಳ ಸಂಗೀತಸ್ಥಿತಿಯನ್ನು ಕುರಿತ ಗ್ರಂಥವನ್ನು ಪ್ರಕಟಿಸಿದನು. ಅದು ಮೆಚ್ಚಿಕೆಯನ್ನು ಪಡೆಯಿತು. 1772ರ ಜುಲೈ ತಿಂಗಳಲ್ಲಿ ಆತನು ಮತ್ತೆ ಹೊರಟು ಬೆಲ್ಜಿಯಂ ಸೀಮೆ, ಜರ್ಮನಿ, ಆಸ್ಟ್ರಿಯ, ಹಾಲೆಂಡ್‌ಗಳನ್ನು ಸುತ್ತಿದನು. ಮ್ಯಾನ್‌ಹೈಮಿನ ದೊರೆಯ ವಾದ್ಯವೃಂದವು ಆಗ ಯೂರೋಪಿನಲ್ಲಿಯೇ ಪ್ರಸಿದ್ಧವಾಗಿದ್ದಿತು. ಅದರಲ್ಲಿ ಒಬ್ಬೊಬ್ಬ ವಾದಕನೂ ಸ್ವತಃ ದೊಡ್ಡ ವಿದ್ವಾಂಸನಾಗಿದ್ದುದರಿಂದ ಬರ್ನಿಯು ಅದನ್ನು ಸೇನಾಪತಿಗಳೇ ಕೂಡಿದ ಸೈನ್ಯಕ್ಕೆ ಹೋಲಿಸಿದನು. ಹಾಗೆಂದು ಕಣ್ಣು ಮುಚ್ಚಿಕೊಂಡು ಹೊಗಳಲಿಲ್ಲ. ಅರಮನೆಯ ವೈಭವಕ್ಕೆ ಪ್ರಜೆಗಳು ತೆರುತ್ತಿದ್ದ ಬೆಲೆಯನ್ನೂ, ಊರಿನ ಅರ್ಧದಷ್ಟು ಜನರು ಕಡು ಬಡತನದಲ್ಲಿದ್ದುದನ್ನೂ ಅದೇ ಬರಹದಲ್ಲಿ ಗುರುತಿಸಿದನು.

ಮ್ಯೂನಿಕ್ಕಿನಿಂದ ವಿಯೆನ್ನಾಕ್ಕೆ ಆತನು ಹೋದುದು ಮರದ ದಿಮ್ಮಿಗಳನ್ನು ಕಟ್ಟಿದ ತೆಪ್ಪದ ಮೇಲೆ. ಇಸಾರ್ ನದಿಯಿಂದ ಡಾನ್ಯೂಬ್ ನದಿಗೆ ಇಳಿದು ಸುಮಾರು ಒಂದು ವಾರದ ಪಯಣ. ಹಲಗೆಯ ಗುಡಿಸಲು, ಮಳೆ, ಚಳಿ, ಅರೆಹೊಟ್ಟೆ. ಅದರ ನಡುವೆಯೂ ನದಿಯ ದಡದಲ್ಲಿ ಸಿಪಾಯಿಗಳೂ ಸಾಮಾನ್ಯ ಜನರೂ ಹಾಡುತ್ತಿದ್ದುದನ್ನೂ, ಅವರು ಒಂದೇ ಧಾಟಿಯಲ್ಲಲ್ಲದೆ ಎರಡು ಮೂರು ಸ್ವರಪಂಕ್ತಿಗಳನ್ನು ಹೊಂದಿಸಿ ಹಾಡುತ್ತಿದ್ದುದನ್ನೂ ಅವನ ಕಿವಿಯು ಗಮನಿಸಿತು.

ವಿಯೆನ್ನಾದಿಂದ ಪ್ರಾಗ್ ನಗರಕ್ಕೆ ಹೋಗುವಾಗ ಬೊಹೀಮಿಯವು ಕ್ಷಾಮದಿಂದ ಬಸವಳಿದಿದ್ದಿತು. ಈ ದೇಶದವರು ಮಹಾ ಸಂಗೀತಪ್ರಿಯರೆಂಬ ಮಾತಿನ ನಿಜವನ್ನು ಅರಿಯುವುದಕ್ಕಾಗಿ ಬರ್ನಿಯು ಚಾಸ್ಲಾವ್ ಎಂಬ ಊರಿನ ಶಾಲೆಯನ್ನು ಹೊಕ್ಕನು. ಆರರಿಂದ ಹತ್ತು ಹನ್ನೊಂದು ವರುಷದ ಗಂಡುಹೆಣ್ಣು ಮಕ್ಕಳು ಓದುಬರಹಗಳ ಜೊತೆಗೆ ಪಿಟೀಲನ್ನೂ ಊದುವ ವಾದ್ಯಗಳನ್ನೂ ಅಭ್ಯಾಸ ಮಾಡುತ್ತಿದ್ದರು. ಉಪಾಧ್ಯಾಯನ ಕಿರುಕೋಣೆಯಲ್ಲಿ ನಾಲ್ಕು ಕ್ಲಾವಿಕಾರ್ಡ್ ವಾದ್ಯಗಳಿದ್ದು ನಾಲ್ಕರ ಮುಂದೆಯೂ ಹುಡುಗರು ಕುಳಿತಿದ್ದರು. ಆ ಮಕ್ಕಳಲ್ಲಿ ಹಲವರು ಮುಂದೆ ನೇಗಿಲು ಹಿಡಿಯತಕ್ಕವರು. ಕಲಿತ ಸಂಗೀತವು ಊರ ಇಗರ್ಜಿಯಲ್ಲಿ ಹಾಡುವುದಕ್ಕೂ ಮನೆಯ ವಿನೋದಕ್ಕೂ ಮಾತ್ರ ಉಪಯೋಗವಾಗುವುದೆಂದು ಆತನು ಬರೆದನು. ಒಂದು ಜನಾಂಗದ ಸಂಗೀತವು ರಕ್ತದಿಂದ ಬರುವುದಲ್ಲ, ಹಳ್ಳಿಯ ಶಾಲೆಯಿಂದ ಬರುವುದು ಎಂಬ ಸತ್ಯವನ್ನು ಆ ದರಿದ್ರ ಕೋಣೆಯು ತೋರಿಸಿಕೊಟ್ಟಿತು.

ಇದಕ್ಕೆ ವಿರುದ್ಧವಾದ ಚಿತ್ರವು ಪಾಟ್ಸ್‌ಡಾಮಿನದು. ಪ್ರಷ್ಯದ ದೊರೆ ಫ್ರೆಡರಿಕನು ಕೊಳಲಿನಲ್ಲಿ ಮೂರು ದೀರ್ಘ ಕೃತಿಗಳನ್ನು ನುಡಿಸುವುದನ್ನು ಬರ್ನಿಯು ಕೇಳಿ ಮೆಚ್ಚಿದನು. ಆದರೆ ಅಲ್ಲಿ ಗುರು ಕ್ವಾಂಟ್ಸನ ಹಳೆಯ ಅಭಿರುಚಿಯೇ ರಾಜಾಜ್ಞೆಯಾಗಿ ನಿಂತು, ಕಲೆಯು ಹಲವು ದಶಕಗಳಷ್ಟು ಹಿಂದೆಯೇ ಉಳಿದುಬಿಟ್ಟಿದ್ದಿತು. ಅಲ್ಲಿಂದ ಹ್ಯಾಂಬರ್ಗಿಗೆ ಬಂದಾಗ, ಮಹಾವಾಗ್ಗೇಯಕಾರ ಬಾಖನ ಮಗನಾದ ಕಾರ್ಲ್ ಫಿಲಿಪ್ ಇಮ್ಯಾನ್ಯುಯೆಲ್ ಬಾಖನು ಅವನನ್ನು ಆದರಿಸಿ, ಐವತ್ತು ವರುಷ ತಡವಾಗಿ ಬಂದಿರೆಂದು ಊರಿನ ಸ್ಥಿತಿಗೆ ಮರುಗಿದನು. ಆದರೆ ಒಂದು ರಾತ್ರಿ ತನ್ನ ಪ್ರೀತಿಯ ಕ್ಲಾವಿಕಾರ್ಡಿನ ಮುಂದೆ ಕುಳಿತು ಹನ್ನೊಂದು ಗಂಟೆಯವರೆಗೆ ಮೈಮರೆತು ನುಡಿಸಿದನು. ದೃಷ್ಟಿ ನೆಟ್ಟಿದ್ದಿತು, ಮುಖದಲ್ಲಿ ಬೆವರು ಹನಿಯುತ್ತಿದ್ದಿತು. ಬಾಖನ ವಾದನದ ಸ್ವರೂಪವನ್ನು ಇಂದಿನವರು ಊಹಿಸಬೇಕಾದರೆ ಮೊದಲು ತೆರೆಯುವುದು ಬರ್ನಿಯ ಆ ಪುಟವನ್ನೇ.

ಬರ್ನಿಯ ಕಿವಿಯು ನಿರ್ದೋಷವಾದುದೆಂದು ಹೇಳುವಂತಿಲ್ಲ. ಇಟಲಿಯ ಗಾನವೇ ಅವನಿಗೆ ಒರೆಗಲ್ಲು. ಫ್ರೆಂಚರ ಹಾಡುಗಾರಿಕೆಯು ಅವನಿಗೆ ಅರಚಾಟವೆನಿಸಿತು. ಜರ್ಮನರ ಬಗ್ಗೆ ಆತನು ಆಡಿದ ಕೆಲವು ಮಾತುಗಳು ಅವರನ್ನು ನೋಯಿಸಿದುದರಿಂದ, ಜರ್ಮನ್ ಭಾಷಾಂತರದಲ್ಲಿ ಖಂಡನೆಯ ಟಿಪ್ಪಣಿಗಳು ಸೇರಿದುವು. 1774ರಲ್ಲಿ ಅವನ ಸ್ವದೇಶದವರೇ ಅವನ ಯಾತ್ರೆಯನ್ನು ಅಣಕಿಸಿ ಪುಸ್ತಕವೊಂದನ್ನು ಹೊರತಂದರು. ಆದರೂ ಡಾಕ್ಟರ್ ಜಾನ್ಸನ್ನನು ತನ್ನ ಸ್ಕಾಟ್ಲೆಂಡಿನ ಪ್ರವಾಸಕಥನಕ್ಕೆ ಬರ್ನಿಯ ಗ್ರಂಥವೇ ಮಾದರಿಯೆಂದು ಒಪ್ಪಿಕೊಂಡನು. ಕೇಳಿದುದನ್ನು ಕೇಳಿದಂತೆ, ಸ್ಥಳ ಮತ್ತು ದಿನಗಳೊಡನೆ ಬರೆದುದರಿಂದ, ಅವನ ಅಭಿಪ್ರಾಯವನ್ನು ಒಪ್ಪದವರಿಗೂ ಅವನ ಸಾಕ್ಷ್ಯವು ಬೇಕಾಗಿದೆ.

ಆತನು ಕೇಳಿದ ಸ್ಥಳಗಳಲ್ಲಿ ಹಲವು ಬೇಗನೆ ಮೌನವಾದುವು. ವೆನಿಸ್ಸಿನ ಧರ್ಮಾಲಯಗಳಲ್ಲಿ ಬಹುಪಾಲು 1770ರ ದಶಕದ ಕೊನೆಯೊಳಗೆ ದಿವಾಳಿಯೆದ್ದುವು; 1797ರಲ್ಲಿ ಗಣರಾಜ್ಯವೇ ಅಳಿಯಿತು. ಮ್ಯಾನ್‌ಹೈಮಿನ ದೊರೆಯು 1778ರಲ್ಲಿ ಮ್ಯೂನಿಕ್ಕಿಗೆ ಹೊರಟಾಗ ವಾದ್ಯವೃಂದದ ಹೆಚ್ಚಿನವರು ಅವನ ಹಿಂದೆಯೇ ಹೋದರು. ನೇಪಲ್ಸಿನ ಶಾಲೆಗಳು 19ನೆಯ ಶತಮಾನದ ಮೊದಲ ದಶಕದೊಳಗೆ ಒಂದುಗೂಡಿದುವು. ಹಣದ ಊಟೆ ಬತ್ತಿದಲ್ಲಿ, ಪೋಷಕನ ಮನಸ್ಸು ತಿರುಗಿದಲ್ಲಿ, ತಲೆಮಾರುಗಳ ವಿದ್ಯೆಯೂ ಕೆಲವೇ ವರುಷಗಳಲ್ಲಿ ಚದರಿಹೋಯಿತು. ಬರ್ನಿಯು ಹತ್ತು ವರುಷ ತಡೆದು ಹೊರಟಿದ್ದರೆ ಆ ಹುಡುಗಿಯರ ಮೇಳವಾಗಲಿ, ಸೇನಾಪತಿಗಳ ಸೈನ್ಯವಾಗಲಿ ಅವನು ಕಂಡ ರೂಪದಲ್ಲಿ ಅವನಿಗೆ ದೊರೆಯುತ್ತಿರಲಿಲ್ಲ.

ಆತನ ಸಂಗೀತ ಚರಿತ್ರೆಯು 1776ರಿಂದ 1789ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರಬಂದಿತು. 1814ರಲ್ಲಿ ಆತನು ಮೃತನಾದನು. ಪ್ರಾಚೀನ ಗ್ರೀಕರ ಸಂಗೀತವನ್ನು ಕುರಿತು ಆತನು ಕಷ್ಟಪಟ್ಟು ಬರೆದುದನ್ನು ಅವನ ತರುವಾಯದ ಸಂಶೋಧಕರು ತಿದ್ದಿ ಮುಂದೆ ಹೋಗಿದ್ದಾರೆ, ಏಕೆಂದರೆ ಗ್ರಂಥಗಳು ಅವರಿಗೂ ದೊರೆಯುತ್ತವೆ. ವೆನಿಸ್ಸಿನ ಬೀದಿಯಲ್ಲಿ ಹೆಸರಿಲ್ಲದ ಮೇಳವೊಂದು ನುಡಿಸಿದ ಸಂಜೆಯನ್ನು ಮಾತ್ರ ಯಾರೂ ತಿದ್ದಲಾರರು; ಅದನ್ನು ನಿಂತು ಕೇಳಿ ಬರೆದಿಟ್ಟವನು ಅವನೊಬ್ಬನೇ.